ಪದವಿಯ ಬಳಿಕ ಮೊದಲ ಸಂದರ್ಶನ: ಕಂಠಪಾಠ ಕೈಹಿಡಿಯದ ಕಡೆ

ಪದವಿ ಮುಗಿಸುವವರೆಗಿನ ಹದಿನೈದು ಹದಿನಾರು ವರ್ಷಗಳ ಓದಿನಲ್ಲಿ ವಿದ್ಯಾರ್ಥಿಗಳು ಎದುರಿಸುವ ಪರೀಕ್ಷೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಪಠ್ಯ ಯಾವುದೆಂಬುದು ಮೊದಲೇ ಗೊತ್ತಿರುತ್ತದೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಕೈಗೆ ಸಿಗುತ್ತವೆ, ಉತ್ತರ ಓದುವವರ ಮುಖ ಕಾಣುವುದಿಲ್ಲ, ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ಬರೆದವರಿಗೆ ಅಂಕವೂ ಕಡಿಮೆಯಾಗುವುದಿಲ್ಲ. ಉದ್ಯೋಗ ಸಂದರ್ಶನದಲ್ಲಿ ಈ ಯಾವ ಅನುಕೂಲವೂ ಇಲ್ಲದಿರುವುದರಿಂದ, ಮೇಲಿನ ದರ್ಜೆಯಲ್ಲಿ ತೇರ್ಗಡೆಯಾದವರೂ ಅಲ್ಲಿ ತಡವರಿಸುವುದುಂಟು. ಆ ತಡವರಿಕೆಗೆ ಪರಿಹಾರವೆಂದು ಅವರು ಹಿಡಿಯುವ ದಾರಿಯೂ ಹಳೆಯದೇ, ಅಂದರೆ ಸಿದ್ಧ ಪ್ರಶ್ನೋತ್ತರಗಳ ಪುಸ್ತಕವನ್ನೋ ವಿಡಿಯೊವನ್ನೋ ಇಟ್ಟುಕೊಂಡು ಉರು ಹೊಡೆಯುವುದು. ಮೊದಲ ಸಂದರ್ಶನದ ತಯಾರಿ ದಾರಿತಪ್ಪುವುದು ಹೆಚ್ಚಾಗಿ ಈ ಹಂತದಲ್ಲೇ.

ನೆನಪಿನ ಶಕ್ತಿಯನ್ನು ಅಳೆದು ಕೆಲಸ ಕೊಡುವ ಪ್ರಯತ್ನ ಹಿಂದೆ ನಡೆಯದೆ ಇಲ್ಲ. ಅಮೆರಿಕದ ಸಂಶೋಧಕ ಥಾಮಸ್ ಎಡಿಸನ್ ಕೆಲಸ ಕೇಳಿ ಬಂದ ಕಾಲೇಜು ಪದವೀಧರರ ಮುಂದೆ ಸಾಮಾನ್ಯಜ್ಞಾನದ ನೂರಕ್ಕೂ ಹೆಚ್ಚು ಪ್ರಶ್ನೆಗಳನ್ನು ಇಡುತ್ತಿದ್ದರು. 1921ರಲ್ಲಿ ಆ ಪ್ರಶ್ನೆಗಳು ಪತ್ರಿಕೆಗಳಿಗೆ ಸೋರಿ ದೊಡ್ಡ ಚರ್ಚೆ ಎದ್ದಿತು. ಅದೇ ವರ್ಷ ಅಮೆರಿಕಕ್ಕೆ ಬಂದಿದ್ದ ಆಲ್ಬರ್ಟ್ ಐನ್‌ಸ್ಟೈನ್ ಅವರನ್ನು ಶಬ್ದದ ವೇಗ ಎಷ್ಟೆಂದು ಕೇಳಿದಾಗ, ಪುಸ್ತಕಗಳಲ್ಲಿ ಸುಲಭವಾಗಿ ಸಿಗುವ ಅಂಥ ಮಾಹಿತಿಯನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲವೆಂಬ ಅರ್ಥದ ಉತ್ತರ ಬಂದದ್ದೂ ವರದಿಯಾಯಿತು. ಆ ಬಳಿಕದ ನೂರು ವರ್ಷಗಳಲ್ಲಿ ಉದ್ಯೋಗಿಗಳ ಆಯ್ಕೆಯ ಕುರಿತು ನಡೆದ ಮನೋವೈಜ್ಞಾನಿಕ ಅಧ್ಯಯನಗಳು ಸಂದರ್ಶನವನ್ನು ಎರಡು ಬಗೆಯಾಗಿ ವಿಂಗಡಿಸುತ್ತವೆ. ಸಂದರ್ಶಕರು ಮನಸ್ಸಿಗೆ ಬಂದುದನ್ನು ಕೇಳುತ್ತ ಹೋಗುವುದು ಒಂದು. ಕೆಲಸದ ಅಗತ್ಯಗಳನ್ನು ಆಧರಿಸಿ ಮೊದಲೇ ಪ್ರಶ್ನೆಗಳನ್ನು ರೂಪಿಸಿ, ಎಲ್ಲ ಅಭ್ಯರ್ಥಿಗಳಿಗೂ ಅವನ್ನೇ ಕೇಳಿ, ಗೊತ್ತುಪಡಿಸಿದ ಮಾನದಂಡದಂತೆ ಅಂಕ ಕೊಡುವ ಪೂರ್ವಯೋಜಿತ ಸಂದರ್ಶನ ಇನ್ನೊಂದು. ಹಿಂದಿನ ಅಧ್ಯಯನಗಳ ಲೆಕ್ಕಾಚಾರವನ್ನು ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಪರಿಶೀಲಿಸಿದಾಗ, ಒಬ್ಬರು ಮುಂದೆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಬಲ್ಲರೆಂದು ಊಹಿಸುವ ವಿಧಾನಗಳಲ್ಲಿ ಈ ಪೂರ್ವಯೋಜಿತ ಸಂದರ್ಶನವೇ ಮುಂದಿರುವುದು ಕಂಡುಬಂದಿತು.

ಈ ಸಂಗತಿ ಹೊಸ ಪದವೀಧರರಿಗೆ ನೇರವಾಗಿ ಸಂಬಂಧಿಸಿದ್ದು. ಪೂರ್ವಯೋಜಿತ ಸಂದರ್ಶನದ ಪ್ರಶ್ನೆಗಳು ಸಾಮಾನ್ಯವಾಗಿ ನಡೆದುಹೋದ ಒಂದು ನಿರ್ದಿಷ್ಟ ಸಂದರ್ಭವನ್ನು ಕೇಳುತ್ತವೆ: ಗುಂಪಿನಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಲಾಯಿತು, ಗಡುವು ತಪ್ಪುವಂತಾದಾಗ ಹೇಗೆ ನಿಭಾಯಿಸಲಾಯಿತು, ಮಾಡಿದ ತಪ್ಪು ಯಾವಾಗ ಅರಿವಿಗೆ ಬಂತು ಎಂಬಂಥವು. ಇಂಥ ಪ್ರಶ್ನೆಗೆ ಬೇರೆಯವರು ಬರೆದ ಉತ್ತರ ಒದಗಿ ಬರುವುದಿಲ್ಲ, ಏಕೆಂದರೆ ಎರಡನೆಯ ಅಥವಾ ಮೂರನೆಯ ಉಪಪ್ರಶ್ನೆಯಲ್ಲಿಯೇ ಅದು ಬಯಲಾಗುತ್ತದೆ. ಸಂದರ್ಭ ಏನಿತ್ತು, ಅದರಲ್ಲಿ ತನ್ನ ಹೊಣೆ ಯಾವುದಾಗಿತ್ತು, ತಾನು ಮಾಡಿದ್ದೇನು, ಅದರಿಂದ ಆದದ್ದೇನು ಎಂಬ ನಾಲ್ಕು ಹೆಜ್ಜೆಗಳಲ್ಲಿ ಉತ್ತರವನ್ನು ಜೋಡಿಸುವ ರೂಢಿ ತರಬೇತುದಾರರಲ್ಲಿ ಬಹುಕಾಲದಿಂದ ಇದೆ. ಇವುಗಳಲ್ಲಿ ಮೂರನೆಯ ಹೆಜ್ಜೆಗೇ ಹೆಚ್ಚು ಸಮಯ ಸಲ್ಲಬೇಕು. ಆದರೆ ಅನುಭವವಿಲ್ಲದ ಅಭ್ಯರ್ಥಿಗಳು ಸಂದರ್ಭದ ವರ್ಣನೆಯಲ್ಲೇ ಸಮಯವನ್ನೆಲ್ಲ ಕಳೆದುಬಿಡುತ್ತಾರೆ.

ಅನುಭವವೇ ಇಲ್ಲದವರು ಯಾವ ಸಂದರ್ಭವನ್ನು ಹೇಳಬೇಕೆಂಬ ಅಳುಕು ಸಹಜ. ಆದರೆ ಕೊನೆಯ ವರ್ಷದ ಪ್ರಾಜೆಕ್ಟ್, ಎನ್‌ಎಸ್‌ಎಸ್ ಶಿಬಿರ, ಕಾಲೇಜು ಉತ್ಸವದ ಹಣಕಾಸು, ಮನೆಯ ಅಂಗಡಿ, ಹೊಲ, ಹಾಲಿನ ಡೇರಿಯ ಲೆಕ್ಕ, ಇವೆಲ್ಲ ಕೆಲಸದ ಅನುಭವಗಳೇ. ಸಣ್ಣ ಪಟ್ಟಣವೊಂದರಲ್ಲಿ ತಂದೆಯ ಹಾರ್ಡ್‌ವೇರ್ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಿದ್ದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳ ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮಾರಾಟಗಾರರು ಸಲ್ಲಿಸಿದ ವಿವರಗಳ ಆಧಾರದ ಮೇಲೆ ಕೊಳ್ಳುವವರಿಗೆ ಎಷ್ಟು ತೆರಿಗೆ ಜಮೆ ಸಿಗಬಹುದೆಂದು ತೋರಿಸುವ ‘2ಬಿ’ ಎಂಬ ಪಟ್ಟಿ ಜಿಎಸ್‌ಟಿ ಜಾಲತಾಣದಲ್ಲಿ ಪ್ರತಿ ತಿಂಗಳೂ ಸಿದ್ಧವಾಗುತ್ತದೆ. ಅಂಗಡಿಯ ಖರೀದಿ ಬಿಲ್ಲುಗಳನ್ನು ಆ ಪಟ್ಟಿಯೊಂದಿಗೆ ತಾಳೆ ನೋಡಿ, ಯಾವ ವರ್ತಕರು ವಿವರ ಸಲ್ಲಿಸಿಲ್ಲವೆಂದು ಗುರುತಿಸಿ, ಅವರಿಗೆ ಫೋನ್ ಮಾಡಿ ಸರಿಪಡಿಸಿದ ಕೆಲಸವನ್ನು ಆಕೆ ರೆಸ್ಯೂಮೆಯಲ್ಲಿ, ಎಂದರೆ ಓದು ಮತ್ತು ಕೆಲಸಗಳ ಸಂಕ್ಷಿಪ್ತ ಪರಿಚಯಪತ್ರದಲ್ಲಿ, ಬರೆಯದೇ ಇರಬಹುದು, ಏಕೆಂದರೆ ಮನೆಯ ಕೆಲಸವನ್ನು ಕೆಲಸವೆಂದು ಎಣಿಸುವ ವಾಡಿಕೆ ಅವಳ ಸುತ್ತ ಯಾರಿಗೂ ಇಲ್ಲ. ಲೆಕ್ಕಪತ್ರ ವಿಭಾಗದ ಹುದ್ದೆಗೆ ಅಷ್ಟು ಹೊಂದುವ ಇನ್ನೊಂದು ಅನುಭವ ಸಿಗುವುದು ಕಷ್ಟ.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದರೊಂದಿಗೆ ಇನ್ನೊಂದು ತೊಡಕೂ ಇದೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಜಂಬವೆಂದು ಚಿಕ್ಕಂದಿನಿಂದ ಕೇಳಿ ಬೆಳೆದ ಮಕ್ಕಳು ಸಂದರ್ಶನದಲ್ಲಿಯೂ ‘ನಾವು ಮಾಡಿದೆವು’ ಎಂದೇ ಮಾತಾಡುತ್ತಾರೆ. ವಿನಯ ಒಳ್ಳೆಯ ಗುಣವೇ ಆದರೂ, ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟಿನಲ್ಲಿ ಎದುರಿಗೆ ಕುಳಿತವರ ಪಾಲು ಯಾವುದೆಂದು ಆ ಬಹುವಚನದಿಂದ ಸಂದರ್ಶಕರಿಗೆ ತಿಳಿಯುವುದಿಲ್ಲ. ದತ್ತಾಂಶ ಸಂಗ್ರಹದ ಭಾಗವನ್ನಷ್ಟೇ ಬರೆದವರು ಅಷ್ಟನ್ನೇ ಹೇಳಿ, ಅದನ್ನು ಆ ರೀತಿ ಏಕೆ ಬರೆಯಲಾಯಿತು, ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು ಎಂದು ವಿವರಿಸಿದರೆ, ಇಡೀ ಪ್ರಾಜೆಕ್ಟನ್ನು ತನ್ನದೆಂದು ಹೇಳಿಕೊಂಡವರಿಗಿಂತ ಅವರೇ ನಂಬಿಕೆಗೆ ಅರ್ಹರಾಗಿ ತೋರುತ್ತಾರೆ. ಹಣ ಕೊಟ್ಟು ತಂದ ಪ್ರಾಜೆಕ್ಟ್ ವರದಿ ವೈವಾ ದಾಟಿಸಬಹುದು; ಸಂದರ್ಶನದಲ್ಲಿ ಅದು ಹೊರೆಯೇ. ರೆಸ್ಯೂಮೆಯ ಪ್ರತಿ ಸಾಲಿನ ಮೇಲೂ ಹತ್ತು ನಿಮಿಷ ಮಾತಾಡಬಲ್ಲೆನೇ ಎಂದು ಅಭ್ಯರ್ಥಿಯು ತನ್ನನ್ನೇ ಕೇಳಿಕೊಂಡು, ಮಾತಾಡಲಾಗದ ಸಾಲನ್ನು ತೆಗೆದುಹಾಕುವುದು ತಯಾರಿಯ ಮೊದಲ ಕೆಲಸವಾಗಬೇಕು.

ಇಂಗ್ಲಿಷಿನ ಭಯವನ್ನು ಕುರಿತು ಬೇರೆಯಾಗಿಯೇ ಹೇಳಬೇಕಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರು ವಿಷಯ ಗೊತ್ತಿದ್ದೂ ಮೌನವಾಗುವುದು, ಅಲಂಕಾರದ ಇಂಗ್ಲಿಷನ್ನು ಆಡಬೇಕೆಂಬ ತಪ್ಪು ತಿಳಿವಳಿಕೆಯಿಂದ. ಸಂದರ್ಶನಕ್ಕೆ ಬೇಕಾಗುವುದು ಚಿಕ್ಕ, ನೇರ ವಾಕ್ಯಗಳು. ಅವು ಕೈವಶವಾಗುವುದು ಮನಸ್ಸಿನಲ್ಲಿ ಓದಿಕೊಳ್ಳುವುದರಿಂದಲ್ಲ, ಬಾಯಿಬಿಟ್ಟು ಹೇಳುವುದರಿಂದ. ತನ್ನ ಪ್ರಾಜೆಕ್ಟನ್ನು ಮೊದಲು ಮನೆಯ ಹಿರಿಯರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ವಿವರಿಸಿ, ಬಳಿಕ ಅದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಂಡರೆ, ತೊಡಕಿರುವುದು ಭಾಷೆಯಲ್ಲೋ ವಿಷಯದಲ್ಲೋ ಎಂಬುದು ಸ್ಪಷ್ಟವಾಗುತ್ತದೆ, ಮತ್ತು ಎಷ್ಟೋ ವೇಳೆ ಅದು ವಿಷಯದಲ್ಲೇ ಇರುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುವಂತೆ ಕೋರುವುದರಲ್ಲಿ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳುವುದರಲ್ಲಿ ಯಾವ ಕುಂದೂ ಇಲ್ಲ. ಇನ್ನು ಕನ್ನಡವು ಎಲ್ಲ ಕಡೆಯೂ ಕೊರತೆಯೆಂದು ಭಾವಿಸಲೂಬಾರದು: ಗ್ರಾಮೀಣ ಬ್ಯಾಂಕುಗಳ ನೇಮಕಾತಿಯಲ್ಲಿ ಸ್ಥಳೀಯ ಭಾಷೆಯ ಜ್ಞಾನವನ್ನು ಕೇಳಲಾಗುತ್ತದೆ, ಗ್ರಾಹಕರೊಂದಿಗೆ ವ್ಯವಹರಿಸುವ ಆಸ್ಪತ್ರೆ, ವಿಮೆ, ಕೃಷಿ ಉಪಕರಣ ಮುಂತಾದ ಕ್ಷೇತ್ರಗಳಲ್ಲಿ ಅದನ್ನು ರೆಸ್ಯೂಮೆಯಲ್ಲಿ ಎದ್ದು ಕಾಣುವಂತೆ ಬರೆಯಬೇಕು.

ಸರ್ಕಾರಿ ನೌಕರಿಯನ್ನು ಬಯಸುವವರು ಆ ಹುದ್ದೆಗೆ ಸಂದರ್ಶನ ಇದೆಯೇ ಎಂಬುದನ್ನೇ ಮೊದಲು ನೋಡಿಕೊಳ್ಳಬೇಕಾಗುತ್ತದೆ. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ‘ಸಿ’ ವರ್ಗ ಮತ್ತು ಗೆಜೆಟೆಡ್ ಅಲ್ಲದ ‘ಬಿ’ ವರ್ಗದ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿದೆ. ನಾಗರಿಕ ಸೇವಾ ಪರೀಕ್ಷೆಯಲ್ಲಿ ಮಾತ್ರ ಒಟ್ಟು 2025 ಅಂಕಗಳ ಪೈಕಿ 275 ಅಂಕಗಳು ವ್ಯಕ್ತಿತ್ವ ಪರೀಕ್ಷೆ ಎಂದು ಕರೆಯಲಾಗುವ ಸಂದರ್ಶನಕ್ಕೇ ಮೀಸಲಾಗಿವೆ.

ಪದವಿಯ ನಂತರ ಕೆಲವು ತಿಂಗಳು ಕೆಲಸವಿಲ್ಲದೆ ಕಳೆದವರನ್ನು ‘ಈ ನಡುವೆ ಏನು ಮಾಡಿದಿರಿ’ ಎಂಬ ಪ್ರಶ್ನೆ ಕಾಡುತ್ತದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಹಣ ಪಾವತಿಗೆ ಚಾಲನೆ ಸಿಕ್ಕ ರಾಜ್ಯದ ಯುವನಿಧಿ ಯೋಜನೆಯೇ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ಕೊಡುವ ವ್ಯವಸ್ಥೆಯಾಗಿರುವುದರಿಂದ, ಈ ಕಾಯುವಿಕೆ ನಾಚಿಕೆಪಡುವಂಥದ್ದಲ್ಲ. ಮುಚ್ಚಿಟ್ಟರೆ ಮಾತ್ರ ಅದು ಅನುಮಾನಕ್ಕೆ ಎಡೆಮಾಡುತ್ತದೆ. ಕಾಯಿಲೆಯ ತಾಯಿಯನ್ನು ನೋಡಿಕೊಂಡದ್ದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ್ದು, ಉಳಿದಿದ್ದ ಬ್ಯಾಕ್‌ಲಾಗ್ ಬರೆದದ್ದು ಎಲ್ಲವನ್ನೂ ಎರಡು ವಾಕ್ಯಗಳಲ್ಲಿ ನೇರವಾಗಿ ಹೇಳಬಹುದು. ಅಂಕ ಮತ್ತು ದಿನಾಂಕಗಳನ್ನು ತಿದ್ದಿ ಬರೆಯುವುದಂತೂ ಸಲ್ಲದು. ನೇಮಕದ ನಂತರ ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲಿ ಅದು ಸಿಕ್ಕಿಬಿದ್ದರೆ ಕೈಗೆ ಬಂದ ಕೆಲಸವೂ ಹೋಗುತ್ತದೆ.

ಹೆಣ್ಣುಮಕ್ಕಳು ಇನ್ನೊಂದು ಪ್ರಶ್ನೆಗೂ ತಯಾರಿರಬೇಕಾಗಿರುವುದು ವಿಷಾದದ ಸಂಗತಿ. ಮದುವೆ ಯಾವಾಗ, ಮದುವೆಯ ನಂತರ ಕೆಲಸ ಬಿಡುವಿರೇ ಎಂಬ ವಿಚಾರಣೆ ಇಂದಿಗೂ ನಡೆಯುತ್ತದೆ. ನೇಮಕಾತಿಯಲ್ಲಿ ಲಿಂಗ ತಾರತಮ್ಯ ಮಾಡುವಂತಿಲ್ಲವೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಆದ್ದರಿಂದ ಉತ್ತರಿಸುವವರು ಮಾತನ್ನು ಕೆಲಸದ ಪಾಳಿ, ಊರು ಮತ್ತು ಅವಧಿಗಳತ್ತ ತಿರುಗಿಸಿ, ಅವು ತಮಗೆ ಒಪ್ಪಿಗೆಯೋ ಅಲ್ಲವೋ ಎಂಬುದಕ್ಕಷ್ಟೇ ಉತ್ತರವನ್ನು ಸೀಮಿತಗೊಳಿಸುವುದು ಉಚಿತ.

ಸಂಬಳದ ಮಾತು ಬಂದಾಗ ‘ಸಿಟಿಸಿ’ ಎಂಬ ಪದ ಅನೇಕರನ್ನು ಮೋಸಗೊಳಿಸುತ್ತದೆ. ಒಬ್ಬ ನೌಕರರಿಗಾಗಿ ಸಂಸ್ಥೆಯು ವರ್ಷಕ್ಕೆ ಮಾಡುವ ಒಟ್ಟು ವೆಚ್ಚವೇ ಸಿಟಿಸಿ. ಅದು ಕೈಗೆ ಬರುವ ಹಣವಲ್ಲ. ವರ್ಷಕ್ಕೆ 3,60,000 ರೂಪಾಯಿ ಎಂದರೆ ತಿಂಗಳಿಗೆ 30,000 ಎಂದು ತೋರಿದರೂ, ಮೂಲವೇತನ 15,000 ಎಂದಿಟ್ಟುಕೊಂಡರೆ, ಶೇ 12ರ ಭವಿಷ್ಯನಿಧಿ ವಂತಿಗೆಯು ಸಂಸ್ಥೆಯ ಪಾಲು 1,800 ಮತ್ತು ನೌಕರರ ಪಾಲು 1,800, ಉಪದಾನದ (ಗ್ರಾಚ್ಯುಟಿಯ) ಬಾಬ್ತು ಸುಮಾರು 720, ವೃತ್ತಿ ತೆರಿಗೆ 200 ರೂಪಾಯಿ ಕಳೆದು ಉಳಿಯುವುದು 25,500ರ ಆಸುಪಾಸು. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಓಡಾಟಗಳ ಲೆಕ್ಕವನ್ನು ಈ ಮೊತ್ತದ ಎದುರಿಗೆ ಇಟ್ಟುಕೊಂಡೇ ಅಭ್ಯರ್ಥಿಗಳು ನಿರೀಕ್ಷೆಯನ್ನು ಹೇಳಬೇಕು. ಇಂತಿಷ್ಟು ವರ್ಷ ಕೆಲಸ ಬಿಡುವಂತಿಲ್ಲವೆಂಬ ಬಾಂಡ್ ಇದೆಯೇ ಎಂದು ಕೇಳುವುದೂ ಆಗಲೇ ಸರಿ. ನೋಂದಣಿಗೆಂದೋ ತರಬೇತಿಗೆಂದೋ ಹಣ ಕೇಳುವ ಕಡೆ, ಮೂಲ ಅಂಕಪಟ್ಟಿಯನ್ನು ಬಿಟ್ಟುಹೋಗುವಂತೆ ಹೇಳುವ ಕಡೆ ಮಾತು ಮುಂದುವರಿಸದೆ ಎದ್ದು ಬರುವುದೇ ಕ್ಷೇಮ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಗೆದು ಇಸ್ತ್ರಿ ಮಾಡಿದ, ಮೈಗೆ ಒಗ್ಗಿದ ಬಟ್ಟೆ ಸಾಕು. ವಿಡಿಯೊ ಸಂದರ್ಶನವಾದರೆ ಮುಖದ ಮೇಲೆ ಬೆಳಕು ಬೀಳುವ ಜಾಗ ಮತ್ತು ಎರಡನೆಯ ಸಿಮ್ಮಿನ ಡೇಟಾ ಸಿದ್ಧವಿರಬೇಕು. ಕೊನೆಯಲ್ಲಿ ಸಂದರ್ಶಕರು ‘ಏನಾದರೂ ಕೇಳುವುದಿದೆಯೇ’ ಎಂದಾಗ, ಮೊದಲ ಆರು ತಿಂಗಳಲ್ಲಿ ಹೊಸಬರು ಯಾರ ಕೈಕೆಳಗೆ ಯಾವ ಕೆಲಸ ಕಲಿಯುತ್ತಾರೆಂದು ವಿಚಾರಿಸುವುದು ಉಪಯುಕ್ತ, ಏಕೆಂದರೆ ಆ ಉತ್ತರದಿಂದ ಸಂಸ್ಥೆಯ ಸ್ವರೂಪವೂ ತಿಳಿಯುತ್ತದೆ. ಮನೆಗೆ ಮರಳಿದ ಸಂಜೆಯೇ, ನೆನಪು ಮಾಸುವ ಮುನ್ನ, ಕೇಳಲಾದ ಪ್ರಶ್ನೆಗಳನ್ನೂ ಮಾತು ನಿಂತುಹೋದ ಜಾಗಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರಿಗೆ, ಮುಂದಿನ ಸಂದರ್ಶನಕ್ಕೆ ಮಾತ್ರವಲ್ಲ, ಅದೇ ಕಾಲೇಜಿನ ಮುಂದಿನ ತಂಡದ ವಿದ್ಯಾರ್ಥಿಗಳಿಗೆ ಕೊಡುವುದಕ್ಕೂ ಒಂದಿಷ್ಟು ಸಾಮಗ್ರಿ ಕೂಡಿಬಂದಿರುತ್ತದೆ.