ಕೆಲಸ ಹೋದವನಿಗೆ ಬರತಕ್ಕ ಬಾಕಿ

ಕೆಲವು ದಿನಗಳ ಹಿಂದೆ ಭಾಲ್ಕಿ ತಾಲೂಕಿನ ಗೃಹಸ್ಥನೊಬ್ಬನು ನಮ್ಮ ಕಚೇರಿಗೆ ಬಂದಿದ್ದನು. ವಯಸ್ಸು ನಾಲ್ವತ್ತರ ಆಚೆ. ಎಂಟು ವರ್ಷ ಒಂದು ಕಾರಖಾನೆಯಲ್ಲಿ ಯಂತ್ರದ ಮುಂದೆ ನಿಂತು ದುಡಿದವನು. "ನಾಳೆಯಿಂದ ಬರಬೇಡ" ಎಂಬ ಒಂದೇ ಮಾತಿನಿಂದ ಅವನ ನೌಕರಿಯು ಮುಗಿದಿದ್ದಿತು. ತಿಂಗಳು ಕಳೆದರೂ ಮನೆಯವರಿಗೆ ಈ ಸುದ್ದಿ ತಿಳಿಸದೆ, ಪ್ರತಿನಿತ್ಯ ಮುಂಜಾನೆ ಬುತ್ತಿ ಕಟ್ಟಿಸಿಕೊಂಡು ಬೀದರಕ್ಕೆ ಬಂದು, ಬಸ್ ನಿಲ್ದಾಣದಲ್ಲಿ ಹೊತ್ತು ಕಳೆದು, ಸಂಜೆಗೆ ಊರಿಗೆ ಮರಳುತ್ತಿದ್ದನು. ನಮ್ಮಲ್ಲಿ ಏನಾದರೂ ಕೆಲಸವುಂಟೇ ಎಂದು ಕೇಳಲು ಬಂದ ಅವನ ಕಿಸೆಯಲ್ಲಿ ಕಾರ್ಮಿಕರ ವಿಮೆಯ ಗುರುತಿನ ಚೀಟಿ ಇದ್ದಿತು. "ಇದು ದವಾಖಾನೆಯ ಚೀಟಿ, ಸಾಹೇಬರೇ; ನೌಕರಿಯೇ ಹೋದ ಮೇಲೆ ಇದರಿಂದ ಏನು ಪ್ರಯೋಜನ?" ಎಂದು ಅವನು ಕೇಳಿದನು.

ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವು. ಕೆಲಸ ಹೋದವನಿಗೆ ಕಾಯಿದೆಯಿಂದ ಸಲ್ಲಬೇಕಾದ ಹಣವು ಯಾರ ದಾನವೂ ಅಲ್ಲ. ಅದು ಅವನಿಗೆ ಬರತಕ್ಕ ಬಾಕಿ. ಆದರೆ ಬಾಕಿಯನ್ನು ವಸೂಲು ಮಾಡುವದಕ್ಕೆ ಕಾಗದ ಬೇಕು, ತಿಳಿವಳಿಕೆ ಬೇಕು, ನಾಚಿಕೆಯನ್ನು ಬದಿಗಿಡುವ ಧೈರ್ಯ ಬೇಕು. ಈ ಮೂರೂ ನಮ್ಮ ಜಿಲ್ಲೆಯಲ್ಲಿ ವಿರಳವಾಗಿರುವವೆಂಬುದೇ ವ್ಯಸನದ ಸಂಗತಿ.

ಬ್ರಿಟನ್ ದೇಶದಲ್ಲಿ 1911ರ ಶಾಸನದಿಂದ ಕೆಲವು ಉದ್ಯಮಗಳ ಕೆಲಸಗಾರರಿಗೆ ನಿರುದ್ಯೋಗ ವಿಮೆಯು ಆರಂಭವಾಯಿತು. ಕೆಲಸಗಾರ, ಯಜಮಾನ, ಸರಕಾರ ಈ ಮೂವರೂ ವಂತಿಗೆ ಕೊಡುವದು. ಕೆಲಸ ತಪ್ಪಿದ ಕಾಲಕ್ಕೆ ಆ ಗಂಟಿನಿಂದ ಅವನ ಸಂಸಾರವು ನಡೆಯುವದು. ನಮ್ಮ ಸಂವಿಧಾನದ 41ನೆಯ ಅನುಚ್ಛೇದವೂ, ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ನಿರುದ್ಯೋಗಿಗಳಿಗೆ ಸಾರ್ವಜನಿಕ ನೆರವು ದೊರಕಿಸಿಕೊಡಬೇಕೆಂದು ನಿರ್ದೇಶಿಸಿರುವದು. ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದ ನಿರ್ದೇಶನವಾದರೂ, ಅದರ ಆಶಯವು ಒಂದೆರಡು ಯೋಜನೆಗಳಲ್ಲಿ ಕಿಂಚಿತ್ತಾಗಿ ರೂಪು ತಾಳಿದೆ.

ಜನರ ಬಾಯಲ್ಲಿ ಇಎಸ್‌ಐ ಎನಿಸಿರುವ ಕಾರ್ಮಿಕರ ರಾಜ್ಯ ವಿಮೆಗೆ 2019ರ ಜುಲೈದಿಂದ ನೌಕರನ ಪಗಾರದಲ್ಲಿ ನೂರಕ್ಕೆ 75 ಪೈಸೆಯೂ ಯಜಮಾನನಿಂದ 3 ರೂಪಾಯಿ 25 ಪೈಸೆಯೂ ನಿಗದಿಯಾದವು. ತಿಂಗಳಿಗೆ 12,000 ರೂಪಾಯಿ ಪಗಾರದವನ ಪಾಲು 90 ರೂಪಾಯಿ, ಯಜಮಾನನ ಪಾಲು 390 ರೂಪಾಯಿ. ಈ ನಿಧಿಯಿಂದಲೇ 2018ರ ಜುಲೈ 1ರಂದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯು ಜಾರಿಗೆ ಬಂದಿತು. ಮೊದಲು ಸರಾಸರಿ ವೇತನದ ಕಾಲುಭಾಗ ಕೊಡುತ್ತಿದ್ದರು. ರೋಗದ ಹಾವಳಿಯ 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಒಟ್ಟು 90 ದಿನಗಳವರೆಗೆ ಈ ನೆರವು. ಕೆಲಸ ಹೋಗಿ 30 ದಿನ ಕಳೆದ ಬಳಿಕ ಅರ್ಜಿ ಹಾಕಬಹುದೆಂದೂ, ಹಳೆಯ ಯಜಮಾನನ ಕೈಯಿಂದ ಅರ್ಜಿ ಹಾಯಬೇಕಾಗಿಲ್ಲವೆಂದೂ ಅದೇ ವರ್ಷ ಸಡಿಲಿಸಿದರು. ದಿನಕ್ಕೆ 400 ರೂಪಾಯಿ ಬೀಳುತ್ತಿದ್ದವನಿಗೆ ಈ ಲೆಕ್ಕದಿಂದ 200ರಂತೆ 18,000 ರೂಪಾಯಿ ಆಗುವದು. ದುರ್ವರ್ತನೆಗಾಗಿ ತೆಗೆಯಲ್ಪಟ್ಟವನಿಗೂ ತಾನಾಗಿ ನಿವೃತ್ತಿ ಪಡೆದವನಿಗೂ ಇದು ಸಲ್ಲದು. ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ಮುಂದುವರಿಸುತ್ತ ಬಂದಿರುವದರಿಂದ, ಅರ್ಜಿಯ ಮೊದಲು ನಿಗಮದ ಶಾಖೆಯಲ್ಲಿ ವಿಚಾರಿಸಿಕೊಳ್ಳುವದು ಅವಶ್ಯವು. ಕಾರಖಾನೆ ಮುಚ್ಚಿಹೋದವರಿಗೆ ಅಥವಾ ಕಡಿತಕ್ಕೆ ಸಿಕ್ಕವರಿಗೆಂದು 2005ರಲ್ಲಿ ಏರ್ಪಟ್ಟ ರಾಜೀವ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯೂ ಉಂಟು. ಅದರ ಅವಧಿ ಇನ್ನೂ ದೀರ್ಘವಾದದ್ದು.

ಇದಲ್ಲದೆ ಯಜಮಾನನು ನೇರವಾಗಿ ಕೊಡತಕ್ಕ ಪರಿಹಾರ ಬೇರೆ. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕಡಿತಗೊಳಿಸುವಾಗ ಒಂದು ತಿಂಗಳ ಮುನ್ಸೂಚನೆ ಇಲ್ಲವೆ ಅದರ ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಎಂಬುದು 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಸೇರಿದ ನಿಯಮ. 2025ರ ನವಂಬರ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡು, ಹೊಸ ಕೌಶಲ ಕಲಿಯುವದಕ್ಕೆಂದು ಮತ್ತೆ 15 ದಿನಗಳ ವೇತನವನ್ನು ಸೇರಿಸಿದೆ. ಎಂಟು ವರ್ಷ ದುಡಿದ ನಮ್ಮ ಗೃಹಸ್ಥನ ಪರಿಹಾರವು 120 ದಿನಗಳ ವೇತನವಾಗುವದು. ದಿನಕ್ಕೆ 400ರಂತೆ 48,000 ರೂಪಾಯಿ. ಅವನು ಬರಿಗೈಯಿಂದ ಬಂದಿದ್ದನು. ಕೇಳಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅಳದ ಮಗುವಿಗೆ ತಾಯಿಯೂ ಹಾಲೂಡಿಸಳೆಂದ ಮೇಲೆ ಕೇಳದ ನೌಕರನಿಗೆ ಯಜಮಾನನು ಕೊಟ್ಟಾನೆಯೇ?

ಈ ಮಾತನ್ನು ಬರೆಯುವಾಗ ನಮ್ಮ ತಪ್ಪನ್ನೂ ಮುಚ್ಚಿಡಲಾರೆವು. ಹಿಂದೆ ನಮ್ಮ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ಇದ್ದರು. ಗಣಕಯಂತ್ರ ಬಂದಾಗ ಅವರ ಕೆಲಸ ಹೋಯಿತು. ಎರಡು ತಿಂಗಳ ಪಗಾರ, ಒಂದು ಜೋಡು ಧೋತರ ಕೊಟ್ಟು, ಹಾರ ಹಾಕಿ ಕಳಿಸಿದೆವು. ದೊಡ್ಡ ಪುಣ್ಯಕಾರ್ಯವಾಯಿತೆಂದು ಭಾವಿಸಿದೆವು. ಹತ್ತಾರು ವರ್ಷ ದುಡಿದವರಿಗೆ ಕಾಯಿದೆಯಂತೆ ಸಲ್ಲಬೇಕಾಗಿದ್ದ ಮೊತ್ತವು ಅದಕ್ಕಿಂತ ಎಷ್ಟೋ ಹೆಚ್ಚಿನದೆಂಬುದು ಬಹು ದಿನಗಳ ಮೇಲೆ ತಿಳಿಯಿತು. ಅವರ ಕೈಯಲ್ಲಿ ನೇಮಕದ ಪತ್ರವಿರಲಿಲ್ಲ; ಆದ್ದರಿಂದ ಅವರು ಕೇಳಲಿಲ್ಲ, ನಾವೂ ಲೆಕ್ಕ ಮಾಡಲಿಲ್ಲ. ಬಾಯಿಮಾತಿನ ನೇಮಕದಿಂದ ಯಜಮಾನನಿಗೆ ಉಳಿತಾಯ, ನೌಕರನಿಗೆ ನಷ್ಟ. ಇಂದಿಗೂ ಬೀದರದ ಅಂಗಡಿ, ಖಾನಾವಳಿ, ಗ್ಯಾರೇಜುಗಳಲ್ಲಿ ಈ ರೂಢಿಯೇ ನಡೆದಿರುವದು.

ಔರಾದ ಭಾಗದ ಸ್ಥಿತಿ ಬೇರೆ. ಅಲ್ಲಿ ತೊಗರಿ, ಜೋಳ, ಸೋಯಾಗಳ ಸುಗ್ಗಿ ತೀರಿದೊಡನೆ ಕೂಲಿಯೂ ತೀರುವದು; ಜನರು ಹೈದರಾಬಾದು, ಪುಣೆ, ಮುಂಬಯಿಗಳ ದಾರಿ ಹಿಡಿಯುವರು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು, ಕೆಲಸ ಬೇಡಿದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ಮೊದಲ 30 ದಿನಗಳಿಗೆ ಕೂಲಿಯ ಕಾಲುಭಾಗಕ್ಕೂ, ಆಮೇಲೆ ಅರ್ಧಕ್ಕೂ ಕಡಿಮೆಯಾಗದ ನಿರುದ್ಯೋಗ ಭತ್ಯೆಯನ್ನು ವಿಧಿಸಿದ್ದಿತು. ಆದರೆ ಆ 15 ದಿನಗಳ ಎಣಿಕೆಗೆ ದಿನಾಂಕ ಹಾಕಿದ ರಸೀದಿ ಆಧಾರ. ಬಾಯಲ್ಲಿ ಕೇಳಿ ಮರಳಿದವನ ಎಣಿಕೆ ಆರಂಭವಾಗುವದೇ ಇಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಸ್ಥಾನದಲ್ಲಿ 125 ದಿನಗಳ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆಯ ಹೆಸರು ಯಾವದೇ ಇರಲಿ, ಪಂಚಾಯತಿಯಲ್ಲಿ ಬರವಣಿಗೆಯಲ್ಲಿ ಕೆಲಸ ಬೇಡಿ ರಸೀದಿ ಪಡೆಯುವ ಅಭ್ಯಾಸವನ್ನು ಔರಾದದ ಕೂಲಿಕಾರರು ಬಿಡಲಾಗದು.

ಓದಿದ ತರುಣರಿಗೆ ರಾಜ್ಯ ಸರಕಾರದ ಯುವನಿಧಿಯು 2024ರ ಜನವರಿ 12ರಂದು ಶಿವಮೊಗ್ಗೆಯಲ್ಲಿ ಚಾಲನೆಗೊಂಡಿತು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ದೊರೆಯದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವನಿಗೆ 1,500 ರೂಪಾಯಿ, ಎರಡು ವರ್ಷಗಳ ಮಿತಿ. ಇದು ಕೆಲಸ ದೊರೆಯದವನಿಗೆ ಆಸರೆಯೇ ಹೊರತು ಕೆಲಸ ಹೋದ ನಡುವಯಸ್ಸಿನವನಿಗೆ ಅಲ್ಲ. ಅವನು ವಿಮೆಯ ಮತ್ತು ಪರಿಹಾರದ ದಾರಿಯನ್ನೇ ಹಿಡಿಯಬೇಕು.

ತೊಂಬತ್ತು ದಿನಗಳ ಅರ್ಧ ಪಗಾರವು ಜೀವನಕ್ಕೆ ಸಾಲದೆಂಬುದು ನಿಜ. ಅದು ಹೊಳೆಯ ಆಚೆಯ ದಡಕ್ಕೆ ಮುಟ್ಟಿಸುವ ದೋಣಿ ಮಾತ್ರ. ದೋಣಿಯಲ್ಲಿಯೇ ಮನೆ ಮಾಡಲಾಗದು. ಆ ಅವಧಿಯಲ್ಲಿ ಮಾಡತಕ್ಕ ಕೆಲಸಗಳಿವೆ. ಹಳೆಯ ಯಜಮಾನನಿಂದ ಸೇವೆಯ ಪ್ರಮಾಣಪತ್ರವನ್ನು ಪಡೆಯಬೇಕು. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಿಸಬೇಕು. ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ತನ್ನ ಕೈಕೆಲಸಕ್ಕೆ ಒಗ್ಗುವ ಕಾರಖಾನೆ ಯಾವದೆಂದು ಖುದ್ದಾಗಿ ವಿಚಾರಿಸಬೇಕು. ಸಂವಿಧಾನದ 371ಜೆ ಅನುಚ್ಛೇದದ ಮೇರೆಗೆ ಈ ಭಾಗದವರಿಗೆ ಸರಕಾರಿ ನೌಕರಿಗಳಲ್ಲಿ ಮೀಸಲಾತಿ ಇರುವದರಿಂದ, ಅರ್ಹರಾದ ತರುಣರು ಅದರ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಹಳೆಯ ಕಾರಖಾನೆಯು ಪುನಃ ಜನರನ್ನು ತೆಗೆದುಕೊಳ್ಳುವಾಗ, ಕಡಿತಗೊಂಡವರಿಗೆ ಆದ್ಯತೆಯುಂಟೆಂಬುದನ್ನೂ ಮರೆಯಬಾರದು.

ನಾಚಿಕೆಯ ವಿಷಯವಾಗಿ ಒಂದು ಮಾತು. ನಮ್ಮ ಜಿಲ್ಲೆಯ ಬಸವಕಲ್ಯಾಣವು ಕಾಯಕದ ನೆಲ. ಕಾಯಕವಿಲ್ಲದೆ ಹಣ ಪಡೆಯುವದು ತಪ್ಪಲ್ಲವೇ ಎಂದು ಕೆಲವು ಹಿರಿಯರು ಕೇಳುವರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯು ಮನೆಮನೆಗೂ ಗೊತ್ತು. ಹೆಚ್ಚಿನದನ್ನು ಬಿಡೆಂದಳೇ ಹೊರತು, ದಿನದ ಪಾಲನ್ನೂ ಬಿಟ್ಟು ಬಾ ಎಂದು ಅವಳು ಹೇಳಲಿಲ್ಲ. ದುಡಿದ ದಿನಗಳಲ್ಲಿ ತನ್ನ ಹೆಸರಿನಲ್ಲಿ ಕೂಡಿದ ವಂತಿಗೆಯಿಂದ ತನ್ನ ಪಾಲನ್ನು ಕೇಳುವವನು ಕಾಯಕದ ಫಲವನ್ನೇ ಕೇಳುತ್ತಿರುವನು. ಬೇರೆ ಕಡೆ ಕೆಲಸ ಸಿಕ್ಕ ಮೇಲೆಯೂ ಭತ್ಯೆ ಎತ್ತುವವನು ಮಾತ್ರ ಲಕ್ಕಮ್ಮನ ಮುಂದೆ ತಲೆ ಎತ್ತಲಾರನು.

ಅಧಿಕಾರಿ ಮಹನೀಯರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮೇಜಿನ ಮುಂದೆ ನಿಂತವನು ಬೇಡಲು ಬಂದವನಲ್ಲ, ಹಣದ ಒಡೆಯನು. ಒಂದು ಕಾಗದ ಕಡಿಮೆಯಾದರೆ ಯಾವ ಕಾಗದವೆಂದು ಕನ್ನಡದಲ್ಲಿ ಬರೆದು ಕೊಡಿರಿ. ಸುಮ್ಮನೆ "ನಾಳೆ ಬಾ" ಎನ್ನಬೇಡಿರಿ. ಔರಾದದಿಂದ ಬೀದರಕ್ಕೆ ಬಂದು ಹೋಗುವ ಒಂದು ದಿನವೆಂದರೆ ಅವನಿಗೆ ಒಂದು ದಿನದ ಕೂಲಿ ಹೋದಂತೆ. ಯಜಮಾನರಲ್ಲಿಯೂ ವಿನಂತಿ: ನೇಮಕದ ದಿನವೇ ಪತ್ರ ಕೊಡಿರಿ, ವಂತಿಗೆಯನ್ನು ತಪ್ಪದೆ ಕಟ್ಟಿರಿ. ನಮ್ಮ ಮುದ್ರಣಾಲಯದಲ್ಲಿ ಈಗ ಹಾಗೆ ಮಾಡುತ್ತಿರುವೆವು. ತಡವಾಯಿತೆಂಬ ಖೇದ ಮಾತ್ರ ಉಳಿದಿದೆ.

ಭಾಲ್ಕಿಯ ಆ ಗೃಹಸ್ಥನ ಅರ್ಜಿಯನ್ನು ನಮ್ಮ ಕಚೇರಿಯಲ್ಲಿಯೇ ಕುಳಿತು ತುಂಬಿಸಿದೆವು. ಅದರ ಫಲ ಇನ್ನೂ ಬರಬೇಕಾಗಿದೆ. ಆದರೆ ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ನಿಜಸಂಗತಿಯನ್ನು ತಿಳಿಸಿದೆನೆಂದು ಅವನು ಮರುದಿನ ಬಂದು ಹೇಳಿದನು. ಇಂಥವರು ಇನ್ನೆಷ್ಟೋ ಜನ ನಮ್ಮ ಬಸ್ ನಿಲ್ದಾಣಗಳಲ್ಲಿ ಬುತ್ತಿ ಹಿಡಿದು ಕುಳಿತಿರಬಹುದು. ವಾಚಕರು ಅಂಥವರನ್ನು ಕಂಡರೆ ಈ ಮಾತುಗಳನ್ನು ಅವರ ಕಿವಿಗೆ ಮುಟ್ಟಿಸಬೇಕೆಂದು ಪ್ರಾರ್ಥಿಸುವೆವು.