ಉದ್ದ ಮೈ, ಗಿಡ್ಡ ಕರುಳು: ಫೆರೆಟ್‌ಗೆ ಏನು ಉಣಿಸಬೇಕು?

ತುಂಗಭದ್ರೆಯಲ್ಲಿ ಮೀನು ಹಿಡಿದು ಬಂಡೆಯ ಮೇಲೆ ಕೂತು ತಿನ್ನುವ ನೀರುನಾಯಿಗೆ ಕರ್ನಾಟಕ ಸರ್ಕಾರ 2015ರಲ್ಲಿ ಒಂದು ಸಂರಕ್ಷಿತ ಪ್ರದೇಶವನ್ನೇ ಘೋಷಿಸಿತು. ಆ ನೀರುನಾಯಿಯ ಕುಟುಂಬಕ್ಕೇ ಸೇರಿದ ಇನ್ನೊಂದು ಪ್ರಾಣಿ ಯುರೋಪ್ ಮತ್ತು ಅಮೆರಿಕದ ಮನೆಗಳಲ್ಲಿ ಬೆಕ್ಕು, ನಾಯಿಗಳಂತೆ ಸಾಕುಪ್ರಾಣಿಯಾಗಿ ಬದುಕುತ್ತಿದೆ. ಅದರ ಹೆಸರು ಫೆರೆಟ್. ಉದ್ದನೆಯ ಮೈ, ಕುಳ್ಳ ಕಾಲು, ಚುರುಕು ಕಣ್ಣು. ನೋಡಲು ಮುಂಗುಸಿಯ ಹಾಗೆ ಕಂಡರೂ ಮುಂಗುಸಿಯ ವಂಶವೇ ಬೇರೆ. ಹೆಣ್ಣು ಅರ್ಧದಿಂದ ಒಂದು ಕಿಲೋ, ಗಂಡು ಒಂದರಿಂದ ಎರಡು ಕಿಲೋ ತೂಗುತ್ತದೆ. ಆಟವಾಡಿಸುವುದು ಸುಲಭ, ಸರಿಯಾಗಿ ಉಣಿಸುವುದು ಅಷ್ಟು ಸುಲಭವಲ್ಲ. ಮೊದಲ ಸಲ ಸಾಕುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮನುಷ್ಯರು ಎರಡು ಸಾವಿರ ವರ್ಷಗಳಿಗೂ ಹಿಂದೆ ಪಳಗಿಸಿದ್ದರಿಂದ ಬಂದದ್ದು ಫೆರೆಟ್. ಮೊಲದ ಬಿಲದೊಳಗೆ ನುಗ್ಗಿ ಮೊಲವನ್ನು ಹೊರಗೋಡಿಸುವುದು ಅದಕ್ಕೆ ವಹಿಸಿದ ಕೆಲಸವಾಗಿತ್ತು. ಮೊಲಗಳ ಕಾಟಕ್ಕೆ ಸಿಕ್ಕಿದ ಸ್ಪೇನಿನಲ್ಲಿ ಇಂಥ ಪ್ರಾಣಿಗಳನ್ನು ಬಿಲಕ್ಕೆ ಬಿಡುತ್ತಿದ್ದುದನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಬ್ರಿಟನ್ನಿನ ಹಳ್ಳಿಗಳಲ್ಲಿ ಈ ಬೇಟೆ ಇಂದಿಗೂ ಇದೆ. ಪಳಗಿದ ಮೇಲೆ ಫೆರೆಟ್‌ನ ಬಣ್ಣ ಬದಲಾಯಿತು, ಮನುಷ್ಯರ ಭಯ ಕಡಿಮೆಯಾಯಿತು. ಆದರೆ ಇಲಿ, ಮೊಲ, ಕಪ್ಪೆ, ಹಕ್ಕಿಗಳನ್ನು ತಿನ್ನುತ್ತಿದ್ದ ಪೂರ್ವಜನ ಕರುಳು ಹಾಗೆಯೇ ಉಳಿಯಿತು. ಅದಕ್ಕೆ ಏನು ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಆ ಕರುಳಿನಲ್ಲಿದೆ.

ಮೂರು–ನಾಲ್ಕು ಗಂಟೆಯ ಪಯಣ

ಬಾಯಿಯಿಂದಲೇ ಆರಂಭಿಸೋಣ. ದೊಡ್ಡ ಫೆರೆಟ್‌ಗೆ 34 ಹಲ್ಲುಗಳು. ಚುಚ್ಚಿ ಹಿಡಿಯಲು ಕೋರೆಹಲ್ಲು, ಮಾಂಸವನ್ನು ಕತ್ತರಿಸಲು ಹರಿತವಾದ ಕೆನ್ನೆಹಲ್ಲು ಇವೆ. ಕಾಳನ್ನು ಅರೆಯಲು ಬೇಕಾದ ಅಗಲ ಹಲ್ಲುಗಳು ಇಲ್ಲವೆಂದೇ ಹೇಳಬೇಕು. ಹೊಟ್ಟೆಯೊಳಗೂ ಇದೇ ಕಥೆ. ಹುಲ್ಲು ಮೇಯುವ ಹಸುವಿಗೆ ನಾಲ್ಕು ಕೋಣೆಗಳ ಹೊಟ್ಟೆ, ಸುಮಾರು 40 ಮೀಟರ್ ಉದ್ದದ ಸಣ್ಣ ಕರುಳು. ಫೆರೆಟ್‌ನದು ಒಂದೇ ಚೀಲದ ಸರಳ ಹೊಟ್ಟೆ, ಸಣ್ಣ ಕರುಳು ಎರಡು ಮೀಟರಿನ ಆಸುಪಾಸು. ಅದರ ದೊಡ್ಡ ಕರುಳು ಸುಮಾರು 10 ಸೆಂಟಿಮೀಟರ್ ಮಾತ್ರ. ಮೊಲ, ಕುದುರೆಗಳಲ್ಲಿ ಸಸ್ಯದ ನಾರನ್ನು ಹುದುಗಿಸುವ ಅಂಧನಾಳ ಎಂಬ ಚೀಲ ಫೆರೆಟ್‌ಗೆ ಇಲ್ಲವೇ ಇಲ್ಲ. ತಿಂದದ್ದು ಮೂರು–ನಾಲ್ಕು ಗಂಟೆಗಳಲ್ಲಿ ಈ ದಾರಿಯನ್ನು ದಾಟಿ ಹೊರಗೆ ಬಂದುಬಿಡುತ್ತದೆ. ಅಷ್ಟರೊಳಗೆ ಬೇಗ ಕರಗುವುದು, ಬೇಗ ಹೀರಿಕೆಯಾಗುವುದು ಮಾಂಸ ಮತ್ತು ಕೊಬ್ಬು. ನಾರು ಕರಗುವುದಿಲ್ಲ. ಪಿಷ್ಟ ಅರೆಬರೆ ಕರಗುತ್ತದೆ.

ಇದರಿಂದ ಮೊದಲ ನಿಯಮ ತಾನಾಗಿ ಹುಟ್ಟುತ್ತದೆ: ಫೆರೆಟ್‌ಗೆ ದಿನಕ್ಕೆ ಎರಡು ಹೊತ್ತಿನ ಊಟ ಸಾಲದು. ಅದು ದಿನಕ್ಕೆ ಎಂಟು–ಹತ್ತು ಸಲ ಸ್ವಲ್ಪಸ್ವಲ್ಪವೇ ತಿನ್ನುತ್ತದೆ. ಮಲಗಿ ಎದ್ದಾಗಲೆಲ್ಲ ಬಟ್ಟಲ ಬಳಿ ಬರುತ್ತದೆ. ಆರೋಗ್ಯವಾಗಿರುವ ಪ್ರಾಣಿ ಹೊಟ್ಟೆಗೆ ಬೇಕಾದಷ್ಟನ್ನು ತಿಂದು ತಾನೇ ನಿಲ್ಲಿಸುವುದರಿಂದ ಆಹಾರ ಸದಾ ಸಿಗುವಂತೆ ಇಡುವುದೇ ರೂಢಿ. ನಾಯಿ, ಬೆಕ್ಕುಗಳನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಇಡೀ ರಾತ್ರಿ ಉಪವಾಸ ಇಡುತ್ತಿದ್ದ ಕಾಲದಲ್ಲೂ ಫೆರೆಟ್‌ಗಳ ವೈದ್ಯರು ಮೂರು–ನಾಲ್ಕು ಗಂಟೆಯ ಉಪವಾಸ ಸಾಕೆನ್ನುತ್ತಿದ್ದರು.

ಎರಡನೆಯ ನಿಯಮ ಪೋಷಕಾಂಶಗಳದ್ದು. ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ ಫೆರೆಟ್‌ನ ಆಹಾರದಲ್ಲಿ ಪ್ರೋಟೀನ್ ಕನಿಷ್ಠ ಶೇ 35ರಷ್ಟು, ಕೊಬ್ಬು ಶೇ 15ರಿಂದ 20 ಅಥವಾ ಅದಕ್ಕಿಂತ ತುಸು ಹೆಚ್ಚು, ನಾರು ಶೇ 3ಕ್ಕಿಂತ ಕಡಿಮೆ ಇರಬೇಕು. ಪಿಷ್ಟ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಪ್ರೋಟೀನ್ ಎಲ್ಲಿಂದ ಬಂತು ಎಂಬುದು ಅದರ ಪ್ರಮಾಣದಷ್ಟೇ ಮುಖ್ಯ. ಟೌರಿನ್ ಎಂಬ ಪೋಷಕಾಂಶ ಮಾಂಸದಲ್ಲಿ ಧಾರಾಳವಾಗಿದೆ, ಬೇಳೆಕಾಳುಗಳಲ್ಲಿ ಇಲ್ಲ. ಮಾಂಸ ತಿನ್ನುವ ಫೆರೆಟ್‌ನ ಮೂತ್ರ ಆಮ್ಲೀಯವಾಗಿರುತ್ತದೆ. ಜೋಳ, ಸೋಯಾಗಳ ಪ್ರೋಟೀನ್ ಹೆಚ್ಚಾದರೆ ಮೂತ್ರ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಸೇರಿ ಸ್ಟ್ರುವೈಟ್ ಎಂಬ ಹರಳಾಗಿ ಗಟ್ಟಿಕಟ್ಟುತ್ತವೆ. ಗಂಡು ಫೆರೆಟ್‌ನ ಕಿರಿದಾದ ಮೂತ್ರನಾಳದಲ್ಲಿ ಇಂಥ ಕಲ್ಲು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಪೊಟ್ಟಣದ ಮೇಲಿನ ಲೆಕ್ಕ

ಹೆಚ್ಚಿನವರು ಕೊಳ್ಳುವುದು ಸಿದ್ಧ ಒಣ ಆಹಾರವನ್ನು. ಫೆರೆಟ್‌ಗೆಂದೇ ತಯಾರಾದದ್ದು ಸಿಗದಿದ್ದರೆ ಬೆಕ್ಕಿನ ಮರಿಗಳಿಗೆ ಕೊಡುವ, ಮಾಂಸ ಹೆಚ್ಚಿರುವ ಆಹಾರ ನಡೆಯುತ್ತದೆ. ನಾಯಿಯ ಆಹಾರ ನಡೆಯುವುದಿಲ್ಲ. ಅದರಲ್ಲಿ ಪ್ರೋಟೀನ್ ಕಡಿಮೆ, ಧಾನ್ಯ ಹೆಚ್ಚು. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿ ಇರುತ್ತವೆ. ಮೊದಲ ಮೂರು ಹೆಸರುಗಳು ಕೋಳಿ, ಟರ್ಕಿ, ಮೊಟ್ಟೆ, ಕುರಿಮಾಂಸದಂಥವೇ ಆಗಿರಬೇಕು. ಪಿಷ್ಟದ ಪ್ರಮಾಣವನ್ನು ಬಹಳ ತಯಾರಕರು ಅಚ್ಚು ಹಾಕುವುದಿಲ್ಲ, ಅದನ್ನು ನಾವೇ ಕಳೆದು ಕಂಡುಕೊಳ್ಳಬೇಕು. ಪ್ರೋಟೀನ್ 36, ಕೊಬ್ಬು 18, ನೀರು 10, ಬೂದಿ (ಅಂದರೆ ಖನಿಜಾಂಶ) 7, ನಾರು 3 ಎಂದಿದ್ದರೆ ಒಟ್ಟು 74. ನೂರರಲ್ಲಿ ಉಳಿದ 26 ಭಾಗ ಪಿಷ್ಟ ಮತ್ತು ಸಕ್ಕರೆ. ಇದು ಹೆಚ್ಚೇ ಆಯಿತು. ಧಾನ್ಯರಹಿತ ಎಂಬ ದಪ್ಪಕ್ಷರವನ್ನು ನೋಡಿ ನೆಮ್ಮದಿಪಡುವಂತೆಯೂ ಇಲ್ಲ. ಅಕ್ಕಿಯ ಜಾಗದಲ್ಲಿ ಬಟಾಣಿ, ಆಲೂಗಡ್ಡೆ ಬಂದು ಕೂತಿದ್ದರೆ ಲೆಕ್ಕ ಅಷ್ಟೇ ಇರುತ್ತದೆ. ಡಬ್ಬಿಯ ತೇವದ ಆಹಾರವನ್ನು ಹೋಲಿಸುವಾಗ ನೀರನ್ನು ಕಳೆಯಬೇಕು: ಶೇ 78ರಷ್ಟು ನೀರಿರುವ ಡಬ್ಬಿಯಲ್ಲಿ ಪ್ರೋಟೀನ್ ಶೇ 10 ಎಂದಿದ್ದರೆ, ಒಣ ಭಾಗದ ಲೆಕ್ಕದಲ್ಲಿ ಅದು ಶೇ 45 ಆಗುತ್ತದೆ.

ಪಿಷ್ಟದ ಬಗ್ಗೆ ಇಷ್ಟು ಎಚ್ಚರಿಕೆ ಯಾಕೆ? ನಡುವಯಸ್ಸು ದಾಟಿದ ಫೆರೆಟ್‌ಗಳಲ್ಲಿ, ಅಮೆರಿಕದಲ್ಲಂತೂ ತುಂಬಾ ಸಾಮಾನ್ಯವಾಗಿ ಕಾಣುವ ರೋಗ ಇನ್ಸುಲಿನೋಮ. ಇದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಗಡ್ಡೆ. ಗಡ್ಡೆ ಹೊತ್ತಲ್ಲದ ಹೊತ್ತಿನಲ್ಲಿ ಇನ್ಸುಲಿನ್ ಸುರಿಸುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಪ್ರಾಣಿ ಹಿಂಗಾಲು ಎಳೆಯುತ್ತದೆ, ಜೊಲ್ಲು ಸುರಿಸುತ್ತದೆ, ಬಾಯಿಯನ್ನು ಪಂಜದಿಂದ ಉಜ್ಜಿಕೊಳ್ಳುತ್ತದೆ, ಎತ್ತಲೋ ನೋಡುತ್ತ ನಿಂತುಬಿಡುತ್ತದೆ. ಪಿಷ್ಟ ತುಂಬಿದ ಆಹಾರ ವರ್ಷಗಟ್ಟಲೆ ಬೀಟಾ ಕೋಶಗಳನ್ನು ಕೆರಳಿಸಿ ಈ ರೋಗಕ್ಕೆ ದಾರಿ ಮಾಡುತ್ತದೆ ಎಂಬುದು ಅನೇಕ ಪಶುವೈದ್ಯರ ಶಂಕೆ. ಅದು ಇನ್ನೂ ಸಾಬೀತಾಗಿಲ್ಲ, ವಂಶವಾಹಿಗಳ ಪಾತ್ರವೂ ಇರಬಹುದು. ಆದರೆ ಕರುಳಿಗೆ ಬೇಡವಾದದ್ದನ್ನು ಕಡಿಮೆ ಮಾಡುವುದರಿಂದ ನಷ್ಟವಂತೂ ಇಲ್ಲ. ರೋಗ ಬಂದ ಪ್ರಾಣಿ ಕುಸಿದುಬಿದ್ದಾಗ ಮಾತ್ರ ಒಸಡಿಗೆ ಸ್ವಲ್ಪ ಜೇನು ಸವರಿ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಹಸಿ ಮಾಂಸ ಕೊಡುವುದಾದರೆ

ಬ್ರಿಟನ್ನಿನಲ್ಲಿ ಫೆರೆಟ್ ಸಾಕುವವರು ಹಿಂದೆ ಹಾಲಿನಲ್ಲಿ ನೆನೆಸಿದ ಬ್ರೆಡ್ ಕೊಡುತ್ತಿದ್ದರು. ಹಾಲಿನ ಲ್ಯಾಕ್ಟೋಸ್ ಜೀರ್ಣಿಸಲಾರದ, ಹಿಟ್ಟನ್ನು ಬಳಸಿಕೊಳ್ಳಲಾರದ ಪ್ರಾಣಿಗೆ ಅದು ಭೇದಿಯ ಊಟ. ಇಂದು ಆ ಪದ್ಧತಿಯನ್ನು ಬಿಟ್ಟು ಮೊಲ, ಇಲಿ, ಕೋಳಿಮರಿಗಳನ್ನು ಇಡಿಯಾಗಿ ಕೊಡುವವರಿದ್ದಾರೆ. ತತ್ವದಲ್ಲಿ ಇದು ಪೋಲ್‌ಕ್ಯಾಟ್‌ನ ಊಟಕ್ಕೆ ಹತ್ತಿರದ್ದು. ಇಡೀ ಪ್ರಾಣಿಯಲ್ಲಿ ಮಾಂಸದ ಜೊತೆಗೆ ಎಲುಬು, ಪಿತ್ತಜನಕಾಂಗ, ಹೃದಯ ಎಲ್ಲವೂ ಸೇರಿರುತ್ತವೆ. ಅಂಗಡಿಯಿಂದ ತಂದ ಎಲುಬಿಲ್ಲದ ಕೋಳಿಮಾಂಸ ಒಂದನ್ನೇ ಕೊಡುವುದು ಇದಕ್ಕೆ ಸಮನಲ್ಲ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಬೆಳೆಯುವ ಮರಿಗೆ ಅದೊಂದೇ ಆಹಾರವಾದರೆ ದೇಹ ತನ್ನ ಮೂಳೆಗಳಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮೂಳೆ ಬಾಗುತ್ತದೆ, ಮುರಿಯುತ್ತದೆ. ಪಿತ್ತಜನಕಾಂಗವನ್ನು ಅತಿಯಾಗಿ ಕೊಟ್ಟರೆ ಎ ಜೀವಸತ್ವ ವಿಷವಾಗುತ್ತದೆ. ಬೇಯಿಸಿದ ಎಲುಬು ಚೂಪಾಗಿ ಸೀಳುವುದರಿಂದ ಅದನ್ನು ಎಂದೂ ಹಾಕಬಾರದು.

ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲ, ಲಿಸ್ಟೀರಿಯದಂಥ ಬ್ಯಾಕ್ಟೀರಿಯಗಳಿರಬಹುದು. ಅವು ಪ್ರಾಣಿಯನ್ನಷ್ಟೇ ಅಲ್ಲ, ಬಟ್ಟಲು ತೊಳೆಯುವವರನ್ನೂ ಮನೆಯ ಮಕ್ಕಳನ್ನೂ ತಲುಪುತ್ತವೆ. ಫೆರೆಟ್‌ಗೆ ಇನ್ನೊಂದು ಅಪಾಯವೂ ಇದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಮನುಷ್ಯರ ಫ್ಲೂ ವೈರಸ್ಸನ್ನು ಮೊದಲು ಬೇರ್ಪಡಿಸಿದ್ದು ಫೆರೆಟ್‌ಗಳ ನೆರವಿನಿಂದ. ನಮ್ಮ ಫ್ಲೂ ಅವಕ್ಕೂ ತಗಲುತ್ತದೆ ಎಂಬುದು ಆಗ ತಿಳಿಯಿತು. ಹಕ್ಕಿಜ್ವರದ ಎಚ್5ಎನ್1 ವೈರಸ್ಸಿಗೂ ಅವು ತುತ್ತಾಗುತ್ತವೆ. ಆದ್ದರಿಂದ ಹಕ್ಕಿಜ್ವರ ಹರಡಿರುವ ಸಮಯದಲ್ಲಿ ಹಸಿ ಕೋಳಿಮಾಂಸ ಬೇಡ. ಮೊದಲ ಸಲ ಸಾಕುವವರಿಗೆ ಒಳ್ಳೆಯ ಒಣ ಆಹಾರವೇ ಸುರಕ್ಷಿತ ಬುನಾದಿ. ಹಸಿ ಮಾಂಸಕ್ಕೆ ಹೋಗುವುದಾದರೆ ಫೆರೆಟ್‌ಗಳನ್ನು ಬಲ್ಲ ಪಶುವೈದ್ಯರೊಡನೆ ಕೂತು ಅಳತೆ ಹಾಕಿಸಿಕೊಳ್ಳಬೇಕು.

ಮೊದಲ ವಾರಗಳು

ಮರಿ ಮನೆಗೆ ಬಂದ ದಿನವೇ ಆಹಾರ ಬದಲಿಸಬಾರದು. ಫೆರೆಟ್ ತಿನ್ನಬೇಕಾದದ್ದನ್ನು ಮೂಗಿನಿಂದ ಗುರುತಿಸುತ್ತದೆ, ಆ ಪಾಠವನ್ನು ಎಳೆಯ ವಯಸ್ಸಿನಲ್ಲೇ ಕಲಿಯುತ್ತದೆ. ಜರ್ಮನಿಯ ರೈಮುಂಡ್ ಆಪ್ಫೆಲ್‌ಬಾಖ್ ಅವರ ಪ್ರಯೋಗಗಳ ಪ್ರಕಾರ ಈ ಕಲಿಕೆಗೆ ಹುಟ್ಟಿದ 60ರಿಂದ 90ನೇ ದಿನದವರೆಗಿನ ಅವಧಿ ನಿರ್ಣಾಯಕ. ಆಗ ಪರಿಚಯವಾಗದ ವಾಸನೆಯನ್ನು ದೊಡ್ಡದಾದ ಮೇಲೆ ಅದು ಆಹಾರವೆಂದೇ ಒಪ್ಪದಿರಬಹುದು, ಹಸಿದರೂ ಮುಟ್ಟದಿರಬಹುದು. ಹಾಗಾಗಿ ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಮುಂದುವರಿಸಿ, ಹೊಸದನ್ನು ಅದರಲ್ಲಿ ಚೂರುಚೂರೇ ಬೆರೆಸಿ, ಏಳು–ಹತ್ತು ದಿನಗಳಲ್ಲಿ ಪೂರ್ತಿ ಬದಲಿಸಬೇಕು. ಮರಿಗೆ ಎರಡು–ಮೂರು ಬಗೆಯ ಮಾಂಸಾಹಾರದ ರುಚಿ ಹಿಡಿಸಿಟ್ಟರೆ, ಮುಂದೆ ಒಂದು ಅಂಗಡಿಯಲ್ಲಿ ಸಿಗದಾದಾಗ ಪೇಚಾಟವಿರುವುದಿಲ್ಲ.

ಪ್ರಮಾಣದ ಲೆಕ್ಕ ಸರಳ. ಒಂದು ಕಿಲೋ ತೂಗುವ ಫೆರೆಟ್‌ಗೆ ದಿನಕ್ಕೆ ಸುಮಾರು 200ರಿಂದ 300 ಕಿಲೋಕ್ಯಾಲರಿ ಬೇಕು. ನೂರು ಗ್ರಾಮಿಗೆ 400 ಕಿಲೋಕ್ಯಾಲರಿ ಕೊಡುವ ಒಣ ಆಹಾರವಾದರೆ 50 ಗ್ರಾಂನಿಂದ ಆರಂಭಿಸಬಹುದು. ಬೆಳೆಯುವ ಮರಿ, ಹಾಲೂಡಿಸುವ ತಾಯಿ ಇನ್ನೂ ಹೆಚ್ಚು ತಿನ್ನುತ್ತವೆ. ಚಳಿಗಾಲಕ್ಕೆ ಫೆರೆಟ್ ಮೈತುಂಬಿಕೊಂಡು ಬೇಸಿಗೆಗೆ ಇಳಿಯುವುದು ಸಹಜ. ಅದಕ್ಕೆ ಹೆದರಬೇಕಿಲ್ಲ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ ಸಹಜ ಏರಿಳಿತಕ್ಕೂ ರೋಗಕ್ಕೂ ವ್ಯತ್ಯಾಸ ತಿಳಿಯುತ್ತದೆ. ಒಣ ಆಹಾರ ತಿನ್ನುವ ಪ್ರಾಣಿಗೆ ತಾಜಾ ನೀರು ಸದಾ ಬೇಕು, ಅಗಲವಾದ, ಭಾರವಾದ ಬಟ್ಟಲು ಉತ್ತಮ. ಆಹಾರವನ್ನು ಸೋಫಾದಡಿ, ಹಾಸಿಗೆಯ ಮಡಿಕೆಯಲ್ಲಿ ಬಚ್ಚಿಡುವುದು ಅದರ ಹುಟ್ಟುಗುಣ. ಬಚ್ಚಿಟ್ಟ ಮಾಂಸ ಕೊಳೆಯುವ ಮೊದಲು ದಿನವೂ ಹುಡುಕಿ ತೆಗೆಯಬೇಕು.

ಪ್ರೀತಿಗೆಂದು ಕೊಡುವ ತಿನಿಸುಗಳಲ್ಲೇ ಹೆಚ್ಚು ಹಾನಿ ಅಡಗಿದೆ. ಒಣದ್ರಾಕ್ಷಿ, ಬಾಳೆಹಣ್ಣು, ಬಿಸ್ಕತ್ತುಗಳನ್ನು ಫೆರೆಟ್ ಆಸೆಯಿಂದ ತಿನ್ನುತ್ತದೆ. ಇಷ್ಟಪಟ್ಟು ತಿಂದಿತು ಎಂಬುದು ಒಳ್ಳೆಯದು ಎಂಬುದಕ್ಕೆ ಸಾಕ್ಷಿಯಲ್ಲ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಹಾಕಿದ ಸಿಹಿತಿನಿಸು, ನಾವು ನುಂಗುವ ನೋವಿನ ಮಾತ್ರೆ, ಇವು ಅಪಾಯಕಾರಿ. ಬಹುಮಾನ ಕೊಡಬೇಕೆನಿಸಿದರೆ ಬೇಯಿಸಿದ ಕೋಳಿಯ ಚೂರು ಅಥವಾ ಚಿಟಿಕೆಯಷ್ಟು ಬೆಂದ ಮೊಟ್ಟೆ ಸಾಕು. ಎಳೆಯ ಫೆರೆಟ್‌ಗಳು ರಬ್ಬರು, ಸ್ಪಂಜುಗಳನ್ನೂ ಕಚ್ಚಿ ನುಂಗುತ್ತವೆ. ಅದು ಕಿರಿದಾದ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಕಪ್ಪಗೆ ಡಾಂಬರಿನಂತಿರುವ ಮಲ, ಎಡೆಬಿಡದ ಭೇದಿ, ಮೂತ್ರಕ್ಕೆ ತಿಣುಕುವುದು, ಅರ್ಧ ದಿನ ಏನನ್ನೂ ಮುಟ್ಟದಿರುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆಗೆ ಮುಂದೂಡಬಾರದು.

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಗೆಳೆಯರ ಮನೆಯಲ್ಲಿ ಫೆರೆಟ್ ನೋಡಿ ತಮಗೂ ಬೇಕೆಂದು ಹಟ ಹಿಡಿಯಬಹುದು. ಮೊದಲು ಕಾನೂನು ನೋಡಿ: ಕ್ಯಾಲಿಫೋರ್ನಿಯ, ಹವಾಯಿ ರಾಜ್ಯಗಳಲ್ಲಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಇದನ್ನು ಮನೆಯಲ್ಲಿ ಸಾಕುವಂತಿಲ್ಲ. ಮೊಲಗಳ ಹತೋಟಿಗೆಂದು 19ನೇ ಶತಮಾನದಲ್ಲಿ ತಂದ ಫೆರೆಟ್‌ಗಳು ಹಾರಲಾರದ ಹಕ್ಕಿಗಳನ್ನು ಬಲಿ ತೆಗೆದುಕೊಂಡ ನ್ಯೂಜಿಲೆಂಡ್ 2002ರಿಂದ ಅವುಗಳ ಮಾರಾಟ ಮತ್ತು ಸಂತಾನಾಭಿವೃದ್ಧಿಯನ್ನು ನಿಷೇಧಿಸಿದೆ. ಆಮೇಲೆ ನಿಮ್ಮ ಅಡುಗೆಮನೆಯನ್ನು ನೋಡಿ. ಮಾಂಸ ತರದ, ಮುಟ್ಟದ ಮನೆಯ ನಂಬಿಕೆ ಗೌರವಕ್ಕೆ ಅರ್ಹ. ಆದರೆ ಆ ನಂಬಿಕೆಯನ್ನು ಹತ್ತು ಸೆಂಟಿಮೀಟರಿನ ದೊಡ್ಡ ಕರುಳಿನ ಪ್ರಾಣಿ ಪಾಲಿಸಲಾರದು, ಅನ್ನ–ಹಾಲಿನಲ್ಲಿ ಅದು ಬದುಕಲಾರದು. ಐದರಿಂದ ಎಂಟು ವರ್ಷ ದಿನವೂ ಮಾಂಸದ ಬಟ್ಟಲು ತುಂಬಲು ಮನೆಯವರೆಲ್ಲ ಸಿದ್ಧರಿದ್ದರೆ ಫೆರೆಟ್ ತನ್ನಿ. ಇಲ್ಲವಾದರೆ ಹುಲ್ಲು, ಸೊಪ್ಪು ತಿಂದು ಸುಖವಾಗಿರುವ ಮೊಲವನ್ನೋ ಗಿನಿಯಿಲಿಯನ್ನೋ ಸಾಕಿ. ಮಗುವಿಗೂ ಪ್ರಾಣಿಗೂ ಅದೇ ಒಳ್ಳೆಯದು.