ಸನ್ನದುದಾರನ ಹೊಣೆ, ಊರಿನ ಎಚ್ಚರ

ಸರಕಾರವು ಪ್ರಜೆಗಳಿಗೆ ಕೊಡುವ ಅಪ್ಪಣೆಗಳಲ್ಲಿ ಹಲವು ಬಗೆಗಳಿವೆ. ಜೋಳ, ಕಡಲೆಗಳನ್ನು ಕೊಂಡು ಮಾರುವ ಅಡತಿ ಅಂಗಡಿಯವನೂ ಪರವಾನಿಗೆ ಪಡೆಯುತ್ತಾನೆ, ಮದ್ಯ ಮಾರುವವನೂ ಪಡೆಯುತ್ತಾನೆ. ಹೊರನೋಟಕ್ಕೆ ಎರಡೂ ಒಂದೇ ತೆರನಾದ ಕಾಗದಗಳಾಗಿ ಕಂಡರೂ ಅವುಗಳ ಅಂತರಂಗ ಬೇರೆಯಾಗಿದೆ. ಕಾಳಿನ ವ್ಯಾಪಾರ ಮಾಡುವುದು ಪ್ರಜೆಯ ಹಕ್ಕು. ಪರವಾನಿಗೆಯು ಆ ಹಕ್ಕಿಗೆ ಹಾಕಿದ ಕಟ್ಟಳೆ ಮಾತ್ರ. ಮದ್ಯದ ವ್ಯಾಪಾರವಾದರೋ ಯಾರ ಹಕ್ಕೂ ಅಲ್ಲ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರಕಾರದ ನಡುವಣ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. ಮದ್ಯದ ವ್ಯಾಪಾರ ನಡೆಸುವ ಮೂಲಭೂತ ಹಕ್ಕು ಯಾರಿಗೂ ಇಲ್ಲ. ರಾಜ್ಯವು ಅದನ್ನು ಪೂರ್ಣವಾಗಿ ನಿಷೇಧಿಸಬಹುದು, ಇಲ್ಲವೆ ಷರತ್ತುಗಳೊಡನೆ ಅಪ್ಪಣೆ ಕೊಡಬಹುದು. ನಮ್ಮ ಸಂವಿಧಾನದ ೪೭ನೆಯ ಅನುಚ್ಛೇದವು ಮದ್ಯಪಾನೀಯಗಳನ್ನೂ ಆರೋಗ್ಯಕ್ಕೆ ಹಾನಿ ತರುವ ಮಾದಕ ವಸ್ತುಗಳನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ, ಔಷಧೋಪಯೋಗದ ಹೊರತು ಅವುಗಳ ಸೇವನೆಯನ್ನು ತಡೆಯಲು ರಾಜ್ಯವು ಯತ್ನಿಸಬೇಕೆಂದು ವಿಧಿಸಿದೆ.

ಆದುದರಿಂದ ನಮ್ಮ ಅಬಕಾರಿ ಇಲಾಖೆಯು 'ಸನ್ನದು' ಎಂದು ಕರೆಯುವ ಆ ಕಾಗದವು ಅಂಗಡಿಕಾರನ ಆಸ್ತಿಯಲ್ಲ. ಅದು ಸಮಾಜವು ಅವನಲ್ಲಿ ಇರಿಸಿದ ಒಂದು ನಂಬಿಕೆ. ಅಂಥ ಅಂಗಡಿಯಲ್ಲಿಯೇ ಗಾಂಜಾದಂಥ ವಸ್ತುವಿನ ಮಾರಾಟ ನಡೆದರೆ ಆ ನಂಬಿಕೆಯ ಗತಿಯೇನು? ಮಾರಿದವನು ಮಾತ್ರ ತಪ್ಪಿತಸ್ಥನೋ, ಮಾರಲು ನೆರಳು ಕೊಟ್ಟವನೂ ತಪ್ಪಿತಸ್ಥನೋ? ಇಂದಿನ ಗೃಹಸ್ಥರು ವಿಚಾರ ಮಾಡಬೇಕಾದ ಪ್ರಶ್ನೆಯಿದು.

ಕೊಪ್ಪಳ ತಾಲೂಕಿನ ಅಳವಂಡಿಯಂಥ ಹೋಬಳಿ ಕೇಂದ್ರಕ್ಕೆ ಈ ವಿಚಾರ ಹೊಸತಲ್ಲ. ನಿಜಾಮನ ಆಳ್ವಿಕೆಯಲ್ಲಿ ಅಬಕಾರಿಯು ಬೊಕ್ಕಸಕ್ಕೆ ದೊಡ್ಡ ಆದಾಯದ ಮೂಲವಾಗಿತ್ತು. ಆದುದರಿಂದಲೇ ೧೯೪೭-೪೮ರ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಶಿಂದಿ ಗಿಡಗಳನ್ನು ಕಡಿಯುವುದು ಸತ್ಯಾಗ್ರಹದ ಒಂದು ಕಾರ್ಯಕ್ರಮವಾಯಿತು. ಆ ಹೋರಾಟದಲ್ಲಿ ಮುಂಡರಗಿಯ ಗಡಿ ಶಿಬಿರವನ್ನು ಮುನ್ನಡೆಸಿದ ಶಿವಮೂರ್ತಿ ಸ್ವಾಮಿಗಳು ಇದೇ ಅಳವಂಡಿಯವರು. ಅವರು ಮುಂದೆ ೧೯೫೨ರಲ್ಲಿ ಕುಷ್ಟಗಿ ಕ್ಷೇತ್ರದಿಂದಲೂ ೧೯೬೨ರಲ್ಲಿ ಕೊಪ್ಪಳ ಕ್ಷೇತ್ರದಿಂದಲೂ ಲೋಕಸಭೆಗೆ ಆಯ್ಕೆಯಾದರು. ಅಬಕಾರಿಯು ಸರಕಾರ ಮತ್ತು ಗುತ್ತಿಗೆದಾರರ ನಡುವಣ ಲೆಕ್ಕಾಚಾರ ಮಾತ್ರವಲ್ಲ, ಊರಿನ ಮರ್ಯಾದೆಯ ಪ್ರಶ್ನೆಯೂ ಹೌದೆಂಬುದನ್ನು ಆ ತಲೆಮಾರು ಅರಿತಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಳವಂಡಿಯ ಯಾವ ಅಂಗಡಿಯ ಮೇಲೆಯೂ ಆರೋಪ ಹೊರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮಾದಕ ವಸ್ತುವಿನ ಪಿಡುಗು ಮಹಾನಗರಗಳದು, ನಮ್ಮ ಎರೆಹೊಲದ ಸೀಮೆಗೆ ಅದು ಬಾರದು ಎಂಬ ನೆಮ್ಮದಿಗೆ ಇಂದು ಆಧಾರವಿಲ್ಲ. ೨೦೨೦ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಡು ಹಿಡಿದು ಹೊರಟು ಕಲಬುರಗಿ ಜಿಲ್ಲೆಯ ಕಾಳಗಿ ಸೀಮೆಯ ಕುರಿ ಸಾಕಣೆಯ ಜಾಗವೊಂದಕ್ಕೆ ಬಂದರು. ಅಲ್ಲಿ ನೆಲದಡಿಯಲ್ಲಿ ಬಚ್ಚಿಟ್ಟಿದ್ದ ಗಾಂಜಾ ೧,೩೦೦ ಕಿಲೋಗ್ರಾಮಿಗೂ ಮಿಕ್ಕಿತ್ತು. ಕುರಿದೊಡ್ಡಿಯ ಕೆಳಗೆ ಅಷ್ಟು ಸರಕು ಅಡಗಬಲ್ಲುದಾದರೆ ಬಸ್ ನಿಲ್ದಾಣದ ಮಗ್ಗುಲಿನ ಬಾರಿನಲ್ಲಿ ನಾಲ್ಕು ಪೊಟ್ಟಣಗಳು ಅಡಗುವುದೇನೂ ಕಷ್ಟವಲ್ಲ.

ಬಾರು ಇಂಥ ಮಾರಾಟಕ್ಕೆ ಅನುಕೂಲವಾದ ಸ್ಥಳವಾಗಿರುವುದಕ್ಕೆ ಕಾರಣಗಳಿವೆ. ಅಲ್ಲಿ ಅಪರಿಚಿತರು ಕುಳಿತರೂ ಯಾರೂ ಹುಬ್ಬೇರಿಸುವುದಿಲ್ಲ. ಕೈಯಲ್ಲಿ ರೊಕ್ಕವಿರುವ, ಮನಸ್ಸಿನ ಹಿಡಿತ ಸಡಿಲಾದ ಯುವಕರು ಸಂಜೆಯಾಗುತ್ತಲೇ ಅಲ್ಲಿ ನೆರೆಯುತ್ತಾರೆ. ಹಿತ್ತಿಲ ಕಡೆಗೆ ಒಂದು ಬಾಗಿಲಿರುತ್ತದೆ. ಒಳಗೆ ನಡೆಯುವುದಕ್ಕೆ ಸರಕಾರದ ಮುದ್ರೆಯಿದೆ ಎಂಬ ಭಾವನೆಯಿಂದ ಹೊರಗಿನವರು ಇಣುಕಿ ನೋಡುವುದಿಲ್ಲ. ಹೀಗೆ ಸನ್ನದಿನ ಮರೆಯಲ್ಲಿ ಸನ್ನದಿಲ್ಲದ ವ್ಯಾಪಾರವು ಬೆಳೆಯುತ್ತದೆ.

ಇದಕ್ಕೆ ಸಮೀಪದ ನಿದರ್ಶನವನ್ನು ಒಂದು ಕಾಲಕ್ಕೆ ಈ ಸೀಮೆಗೆಲ್ಲ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿಯೇ ಕಾಣಬಹುದು. ೨೦೨೨ರ ಏಪ್ರಿಲ್ ೩ರ ನಸುಕಿನಲ್ಲಿ ಬಂಜಾರಾ ಹಿಲ್ಸ್‌ನ ತಾರಾ ಹೋಟೆಲೊಂದರಲ್ಲಿದ್ದ 'ಪುಡಿಂಗ್ ಅಂಡ್ ಮಿಂಕ್' ಎಂಬ ಪಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿದರು. ಒಳಗಿದ್ದವರು ನೂರಕ್ಕೂ ಮಿಕ್ಕಿದ ಜನ. ದೊರೆತದ್ದು ಕೊಕೇನಿನ ಕೆಲವು ಪುಟ್ಟ ಪೊಟ್ಟಣಗಳು, ತೂಕದಲ್ಲಿ ಐದು ಗ್ರಾಮಿನ ಆಸುಪಾಸು. ತೂಕ ಅಲ್ಪವೆಂದು ಅಲ್ಲಿಯ ಅಬಕಾರಿ ಇಲಾಖೆಯು ಸುಮ್ಮನಾಗಲಿಲ್ಲ. ಮದ್ಯದ ಸನ್ನದನ್ನು ರದ್ದುಪಡಿಸುವ ಕ್ರಮವನ್ನು ಕೂಡಲೇ ಕೈಗೊಂಡಿತು. ಪಬ್ಬನ್ನು ನಡೆಸುತ್ತಿದ್ದವರು ಬಂಧಿತರಾದರು. ಕರ್ತವ್ಯದಲ್ಲಿ ಉದಾಸೀನ ತೋರಿದರೆಂದು ಆ ಠಾಣೆಯ ಇನ್‌ಸ್ಪೆಕ್ಟರರೂ ಅಮಾನತಾದರು. ಪೊಟ್ಟಣವನ್ನು ತಂದವನಾರು ಎಂಬ ಪ್ರಶ್ನೆಯೊಡನೆ, ತರಲು ಬಿಟ್ಟವನಾರು, ಕಣ್ಣು ಮುಚ್ಚಿದವನಾರು ಎಂಬ ಪ್ರಶ್ನೆಗಳನ್ನೂ ಅಲ್ಲಿ ಕೇಳಲಾಯಿತು.

ಇಂಥ ಪ್ರಸಂಗಗಳಲ್ಲೆಲ್ಲ ಮಾಲೀಕನಿಂದ ಮೊದಲು ಕೇಳಿಬರುವ ಉತ್ತರ ಒಂದೇ: 'ನನಗೆ ಗೊತ್ತಿರಲಿಲ್ಲ.' ಈ ಉತ್ತರವನ್ನು ಕಾನೂನು ಎರಡು ಬಗೆಯಾಗಿ ತೂಗುತ್ತದೆ.

ಮೊದಲನೆಯದು ಶಿಕ್ಷೆಯ ಕಾನೂನು. ೧೯೮೫ರ ನವೆಂಬರ್ ೧೪ರಂದು ಜಾರಿಗೆ ಬಂದ ಕೇಂದ್ರದ ಮಾದಕ ವಸ್ತು ಅಧಿನಿಯಮದ ೨೫ನೆಯ ಕಲಮಿನಂತೆ, ಮನೆ, ಕೋಣೆ, ಆವರಣ ಮುಂತಾದವುಗಳ ಒಡೆಯನು ಅಥವಾ ಅನುಭೋಗದಾರನು ಆ ಸ್ಥಳವನ್ನು ಮಾದಕ ವಸ್ತುವಿನ ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟುಕೊಟ್ಟರೆ ಆ ಅಪರಾಧಕ್ಕೆ ವಿಧಿಸಿದ ಶಿಕ್ಷೆಯೇ ಅವನಿಗೂ ಸಲ್ಲುತ್ತದೆ. ಇಲ್ಲಿ 'ತಿಳಿದೂ' ಎಂಬ ಮಾತು ಮುಖ್ಯ. ಮನುಷ್ಯನನ್ನು ಸೆರೆಮನೆಗೆ ಕಳಿಸಬೇಕಾದರೆ ಅವನ ಅರಿವನ್ನು ಸಿದ್ಧಪಡಿಸಬೇಕು. ಇದು ನ್ಯಾಯವೇ ಆಗಿದೆ.

ಎರಡನೆಯದು ಸನ್ನದಿನ ಕಾನೂನು. ೧೯೬೫ರ ಕರ್ನಾಟಕ ಅಬಕಾರಿ ಅಧಿನಿಯಮದ ೨೯ನೆಯ ಕಲಮು ಸನ್ನದು ನೀಡಿದ ಅಧಿಕಾರಿಗೇ ಅದನ್ನು ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರವನ್ನು ಕೊಟ್ಟಿದೆ. ಸನ್ನದಿನ ಷರತ್ತನ್ನು ಸನ್ನದುದಾರನೇ ಮುರಿಯಬೇಕೆಂದಿಲ್ಲ. ಅವನ ಆಳು ಮುರಿದರೂ ಸಾಕು. ಅವನ ಸ್ಪಷ್ಟವಾದ ಅಥವಾ ಸೂಚಿತವಾದ ಅನುಮತಿಯಿಂದ ಅವನ ಪರವಾಗಿ ವರ್ತಿಸುವ ಬೇರೊಬ್ಬನು ಮುರಿದರೂ ಸಾಕು. 'ಸೂಚಿತ ಅನುಮತಿ' ಎಂದರೆ ಬಾಯಿಬಿಟ್ಟು 'ಆಗಲಿ' ಎನ್ನದಿದ್ದರೂ ನಡತೆಯಿಂದ 'ಆಗಲಿ' ಎಂದಂತೆ ಇರುವುದು. ಗಲ್ಲೆಯ ಮೇಲೆ ಕುಳಿತವನಿಗೆ ಯಾವ ಮೇಜಿನವರು ಎಷ್ಟು ಬಾಟಲಿ ಕುಡಿದರೆಂಬುದು ಬಾಯಿಪಾಠವಾಗಿರುತ್ತದೆ. ಒಬ್ಬನು ದಿನಾಲೂ ಬಂದು, ಏನನ್ನೂ ಕೊಳ್ಳದೆ, ಹತ್ತು ಮಂದಿಯೊಡನೆ ಪಿಸುಮಾತಾಡಿ ಹೋಗುವುದು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲವೆಂದರೆ ಯಾರು ನಂಬಿಯಾರು?

ಈ ಸೂಕ್ಷ್ಮವನ್ನು ದೂರದ ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಮದ್ಯ ಕಾನೂನು ಇನ್ನೂ ನೇರವಾಗಿ ಹೇಳಿದೆ. ಚಿಲ್ಲರೆ ಮದ್ಯದಂಗಡಿಯವನು ತನ್ನ ಆವರಣದಲ್ಲಿ ಮಾದಕ ವಸ್ತುವಿನ ಮಾರಾಟವನ್ನಾಗಲಿ ಮಾರಾಟದ ಮಾತುಕತೆಯನ್ನಾಗಲಿ ತಿಳಿದೂ ನಡೆಯಗೊಟ್ಟರೆ ಅವನ ಲೈಸೆನ್ಸು ಹೋಗಲೇಬೇಕು. ಅಷ್ಟೇ ಅಲ್ಲ, ಅಂಥ ಮಾರಾಟವು ಒಂದರ ಹಿಂದೊಂದರಂತೆ ಕೆಲಕಾಲ ನಡೆದಿದ್ದರೆ ಅದನ್ನೇ ಅವನು ಅನುಮತಿ ಕೊಟ್ಟಿದ್ದುದಕ್ಕೆ ಸಾಕ್ಷ್ಯವೆಂದು ಎಣಿಸಲಾಗುತ್ತದೆ. ಒಂದು ದಿನ ನಡೆದುದು ಗೊತ್ತಾಗದಿರಬಹುದು, ಒಂದು ತಿಂಗಳು ನಡೆದುದು ಗೊತ್ತಾಗದಿರಲಾರದು ಎಂಬುದು ಅದರ ಹಿಂದಿನ ತರ್ಕ. ಈ ತರ್ಕವನ್ನು ನಮ್ಮ ಹಳ್ಳಿಯ ಹಿರಿಯನೂ ಒಪ್ಪದೆ ಇರಲಾರ.

ಹಾಗೆಂದು ದಂಡನೆಯನ್ನು ಕಣ್ಣು ಮುಚ್ಚಿ ಬೀಸಲೂ ಬಾರದು. ಎದುರು ಬಾರಿನವನು ಹಗೆತನದಿಂದ ದೂರು ಕೊಡಿಸುವುದುಂಟು. ತಾನೇ ಒಂದು ಪೊಟ್ಟಣವನ್ನು ಎಸೆಯಿಸಿ 'ಸಿಕ್ಕಿತು' ಎನ್ನುವವರೂ ಉಂಟು. ಬಾರಿನಲ್ಲಿ ತಟ್ಟೆ ಲೋಟ ತೊಳೆಯುವ, ಊಟ ಬಡಿಸುವ ಬಡವರ ಸಂಸಾರಗಳೂ ಆ ಗಲ್ಲೆಯನ್ನೇ ನಂಬಿರುತ್ತವೆ. ಆದುದರಿಂದ ಸನ್ನದುದಾರನಿಗೆ ನೋಟೀಸು ಕೊಟ್ಟು ಅವನ ಸಮಜಾಯಿಷಿಯನ್ನು ಕೇಳುವುದು ಸಹಜ ನ್ಯಾಯದ ಮೊದಲ ಮೆಟ್ಟಿಲು. ತಪ್ಪಿನ ಗಾತ್ರಕ್ಕೆ ತಕ್ಕಂತೆ ಅಮಾನತೋ ರದ್ದೋ ಎಂಬುದು ಆಮೇಲಿನ ಮಾತು.

ಈ ಹದವನ್ನು ಅರಿಯಲು ಲಂಡನ್ನಿನ ಒಂದು ಪ್ರಕರಣ ಉಪಯುಕ್ತವಾಗಿದೆ. ಅಲ್ಲಿಯ 'ಫ್ಯಾಬ್ರಿಕ್' ಎಂಬ ಪ್ರಸಿದ್ಧ ನೈಟ್ ಕ್ಲಬ್ಬಿಗೆ ಹೋಗಿದ್ದ ೧೮ ವರ್ಷದ ಇಬ್ಬರು ತರುಣರು ೨೦೧೬ರ ಬೇಸಿಗೆಯಲ್ಲಿ ಮಾದಕ ವಸ್ತುವಿನಿಂದ ಸತ್ತರು. ಇಸ್ಲಿಂಗ್ಟನ್ ಸ್ಥಳೀಯ ಸಂಸ್ಥೆಯು ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಲೈಸೆನ್ಸನ್ನು ಕಸಿದುಕೊಂಡಿತು. ನವೆಂಬರಿನಲ್ಲಿ ರಾಜಿಯಾಗಿ, ಮುಂದಿನ ಜನವರಿಯಲ್ಲಿ ಕ್ಲಬ್ಬು ಮತ್ತೆ ತೆರೆಯಿತು. ಆದರೆ ಬಾಗಿಲಲ್ಲಿ ಗುರುತಿನ ಚೀಟಿಯ ತಪಾಸಣೆ, ಒಳಗೆ ಗುಪ್ತ ಕಾವಲು, ಮಾದಕ ವಸ್ತುವಿನೊಡನೆ ಸಿಕ್ಕವನಿಗೆ ಆಜೀವ ಪ್ರವೇಶ ನಿಷೇಧ ಮುಂತಾದ ಹೊಸ ಷರತ್ತುಗಳಿಗೆ ಅದು ತಲೆಬಾಗಬೇಕಾಯಿತು. ಎರಡು ಜೀವಗಳು ಹೋಗುವ ತನಕ ಕಾಯದೆ ಆ ಷರತ್ತುಗಳನ್ನು ಮೊದಲೇ ಹಾಕಬಾರದಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಯಾವ ರಾಜಿಯೂ ಅಳಿಸಲಾರದು.

ಇನ್ನು ಊರಿನವರು ಮಾಡಬೇಕಾದುದೇನು? ಬಾರಿಗೆ ನುಗ್ಗಿ ಬಾಟಲಿಗಳನ್ನು ಒಡೆಯುವುದಲ್ಲ. ಅದರಿಂದ ಮೊಕದ್ದಮೆಯು ಊರಿನ ಯುವಕರ ಮೇಲೆಯೇ ತಿರುಗುತ್ತದೆ; ಸಾಕ್ಷ್ಯವೂ ನಾಶವಾಗುತ್ತದೆ. ಶೋಧಿಸುವ, ಜಪ್ತಿ ಮಾಡುವ ಅಧಿಕಾರವು ಪೊಲೀಸ್, ಅಬಕಾರಿ ಮುಂತಾದ ಇಲಾಖೆಗಳ ಅಧಿಕೃತ ಅಧಿಕಾರಿಗಳದು. ಊರಿನವರ ಕೆಲಸ ಬೇರೆಯಾಗಿದೆ: 'ನನಗೆ ಗೊತ್ತಿರಲಿಲ್ಲ' ಎಂಬ ಮಾತಿಗೆ ಎಡೆಯೇ ಇಲ್ಲದಂತೆ ಮಾಡುವುದು.

ಅದಕ್ಕೆ ಬೇಕಾದುದು ಬರವಣಿಗೆ. ಕಂಡುದನ್ನು ಕಂಡ ದಿನ, ವೇಳೆ, ಸ್ಥಳಗಳೊಡನೆ ಬರೆದಿಡಬೇಕು; ಕೇಳಿದ ಸುದ್ದಿಯನ್ನು ಕಂಡಂತೆ ಬರೆಯಬಾರದು. ನಾಲ್ಕಾರು ಹಿರಿಯರು ಸಹಿ ಮಾಡಿದ ಪತ್ರವನ್ನು ಮೊದಲು ಸನ್ನದುದಾರನಿಗೇ ಕೊಟ್ಟು 'ನಿಮ್ಮ ಆವರಣದಲ್ಲಿ ಹೀಗೆ ನಡೆಯುತ್ತಿರುವಂತೆ ಕಾಣುತ್ತದೆ, ತಡೆಯಿರಿ' ಎಂದು ತಿಳಿಸಿ, ಪ್ರತಿಯೊಂದಕ್ಕೆ ಪಹಣೆ ಪಡೆಯಬೇಕು. ಅಂದಿನಿಂದ ಅವನು ತಿಳಿದವನಾಗುತ್ತಾನೆ. ತಡೆದರೆ ಅವನೂ ಊರಿನ ಹಿತೈಷಿ. ತಡೆಯದಿದ್ದರೆ ೨೫ನೆಯ ಕಲಮಿನ 'ತಿಳಿದೂ' ಎಂಬ ಮಾತು ಅವನನ್ನು ಹಿಂಬಾಲಿಸುತ್ತದೆ. ಅವನಿಗೆ ನೇರವಾಗಿ ಹೇಳಿದರೆ ಅಪಾಯವೆನಿಸುವ ಪ್ರಸಂಗದಲ್ಲಿ ಅಳವಂಡಿಯ ಪೊಲೀಸ್ ಠಾಣೆಗೋ ಕೊಪ್ಪಳದ ಅಬಕಾರಿ ಕಚೇರಿಗೋ ಪತ್ರವನ್ನು ಮುಟ್ಟಿಸಬೇಕು. ಮಾಹಿತಿ ಎಲ್ಲಿಂದ ಬಂದಿತೆಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸಲಾಗದೆಂದು ೧೯೮೫ರ ಅಧಿನಿಯಮದ ೬೮ನೆಯ ಕಲಮು ಹೇಳುತ್ತದೆ. ತಾಯಂದಿರು ಇದನ್ನು ನೆನಪಿನಲ್ಲಿಡಬೇಕು. ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿ ಠರಾವು ಬರೆಯಿಸಬೇಕು. ಅಬಕಾರಿ ವರ್ಷವು ಜುಲೈ ೧ರಿಂದ ಜೂನ್ ೩೦ರ ವರೆಗೆ ನಡೆಯುವುದರಿಂದ, ಸನ್ನದಿನ ನವೀಕರಣಕ್ಕೆ ಮೊದಲೇ ಆ ಠರಾವು ಸಂಬಂಧಪಟ್ಟ ಕಡತವನ್ನು ಸೇರಿದರೆ ಅದಕ್ಕೆ ಹೆಚ್ಚಿನ ಬೆಲೆ ಬರುತ್ತದೆ.

ಕೊನೆಯದಾಗಿ, ಪೊಟ್ಟಣವನ್ನು ಕೊಂಡ ಹುಡುಗನ ವಿಚಾರ. ಮಗನು ಗಾಂಜಾದ ರೂಢಿಗೆ ಬಿದ್ದನೆಂದು ತಿಳಿದಾಗ ಅನೇಕ ಮನೆಗಳವರು ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಮಾರುವವನಿಗೆ ಬೇಕಾಗಿರುವುದು ಈ ಮೌನವೇ. ವ್ಯಸನಿಯನ್ನು ಕಾನೂನು ಕೇವಲ ಅಪರಾಧಿಯೆಂದು ಕಾಣುವುದಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾಗಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದೆಂದು ಅದೇ ಅಧಿನಿಯಮದ ೬೪ಎ ಕಲಮು ಹೇಳುತ್ತದೆ. ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ನಮ್ಮ ಸೀಮೆಗೆ ದೂರವೇನಲ್ಲ. ೨೦೨೨ರಲ್ಲಿ ಆರಂಭವಾದ ಸರಕಾರದ 'ಟೆಲಿ ಮಾನಸ್' ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಮನೆಯಿಂದಲೇ ಕರೆ ಮಾಡಿ ಸಲಹೆ ಪಡೆಯಬಹುದು.

ಈ ಮಾತಿಗೆ ನಮ್ಮ ಮಠ ಪರಂಪರೆಯ ಆಧಾರವೂ ಇದೆ. ಕುಷ್ಟಗಿಗೆ ನೆರೆಯದಾದ ಇಳಕಲ್ಲಿನ ಶ್ರೀ ವಿಜಯ ಮಹಾಂತೇಶ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹಿಡಿದು ಹೊರಟರು. ಅವರು ಬೇಡಿದ್ದು ಕಾಳನ್ನಲ್ಲ, ರೊಕ್ಕವನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಣೆಗೆ ತಂದಿದೆ. ವ್ಯಸನಿಯನ್ನು ಹೊರದೂಡದೆ ಅವನ ವ್ಯಸನವನ್ನು ಬೇಡಿ ಪಡೆದುದೇ ಆ ಜೋಳಿಗೆಯ ಹಿರಿಮೆ.

ಹುಡುಗನ ಮುಂದೆ ಜೋಳಿಗೆ ಹಿಡಿಯೋಣ. ಸನ್ನದುದಾರನ ಮುಂದೆ ಜೋಳಿಗೆ ಸಾಲದು. ಅಲ್ಲಿ ಸಹಿ ಮಾಡಿದ, ದಿನಾಂಕ ಹಾಕಿದ ಒಂದು ಪತ್ರ ಬೇಕು. ಅಳವಂಡಿಯ ಮತ್ತು ಅಂಥ ನೂರಾರು ಊರುಗಳ ಗೃಹಸ್ಥರು ಆ ಪತ್ರವನ್ನು ಬರೆಯುವ ಧೈರ್ಯ ಮಾಡಲಿ. ಮಕ್ಕಳು ಕೈತಪ್ಪಿಹೋದ ಮೇಲೆ 'ನಮಗೆ ಗೊತ್ತಿರಲಿಲ್ಲ' ಎನ್ನುವ ಸರದಿ ನಮ್ಮದಾಗದಿರಲಿ.